ತಿಕೋಟಾದ ಶೆಡ್ಡಿನಲ್ಲಿ ನಮ್ಮಕ್ಕನ ಸ್ಟೈಲಿಶ್ ಮದುವೆ

ಹನ್ನೊಂದು ವರ್ಷದಿಂದ ನಾನು ಬಬಲೇಶ್ವರದ ಪ್ರೌಢಶಾಲೆಯೊಂದರಲ್ಲಿ ಡ್ರಾಯಿಂಗ್ ಮಾಸ್ತರ. ಈ ಅವಧಿಯಲ್ಲಿ ನಾನು ಶೃಂಗರಿಸಿದ ವೇದಿಕೆಗಳಲ್ಲಿ ಕುಸಿದದ್ದು ಒಂದೇ ಒಂದು. ಅದೂ ಭಾಷಣ ಮುಗಿದ ಮೇಲೆ. ಹೀಗಾಗಿ ನಮ್ಮಕ್ಕನ ಮದುವೆ ಗೊತ್ತಾದಾಗ, ಅದರ ವಿನ್ಯಾಸದ ಸಂಪೂರ್ಣ ಹೊಣೆ ಹೊರಲು ಇಡೀ ಜಿಲ್ಲೆಯಲ್ಲಿ ನನಗಿಂತ ಯೋಗ್ಯ ವ್ಯಕ್ತಿ ಇಲ್ಲವೆಂಬ ತೀರ್ಮಾನವಾಯಿತು. ಆ ತೀರ್ಮಾನ ಕೈಗೊಂಡ ಸಭೆಯಲ್ಲಿ ನಾನೊಬ್ಬನೇ ಇದ್ದೆ.

ನಮ್ಮಕ್ಕ ಸುಮಿತ್ರಾ ಕಾಖಂಡಕಿಯಲ್ಲಿ ಅಂಗನವಾಡಿ ಟೀಚರ್. ಅವ್ವ ತೀರಿಕೊಂಡಾಗ ನಾನು ಆರನೆಯ ಇಯತ್ತೆ, ಅವಳಿಗೆ ಹತ್ತೊಂಬತ್ತು. ಅಪ್ಪ ಅದಕ್ಕೂ ಮೊದಲೇ ಹೋಗಿದ್ದ. ಬಂದ ವರಗಳಿಗೆಲ್ಲ ಅವಳು, ತಮ್ಮನ ಸಾಲಿ ಮುಗಿಯಲಿ ಎಂದಳು. ಆಮೇಲೆ, ಅವನಿಗೆ ನೌಕರಿ ಹತ್ತಲಿ ಎಂದಳು. ಆಮೇಲೆ, ಅವನದೊಂದು ಮದುವೆ ಆಗಲಿ ಎಂದಳು. ನನ್ನ ಮದುವೆಯೂ ಆಗಿ ನಾನು ವಿಜಯಪುರದ ಗೋಳಗುಮ್ಮಟದ ಹಿಂದೆ ಬಾಡಿಗೆ ಮನೆ ಹಿಡಿದಾಗ, ಅಕ್ಕನ ಬೈತಲೆಯ ಆಚೀಚೆ ಬೆಳ್ಳಿ ಕೂದಲು ಬಂದಿದ್ದವು. ವರಗಳು ಬರುವುದು ನಿಂತಿತ್ತು.

ಆದರೆ ತಿಕೋಟಾದಿಂದ ಒಣದ್ರಾಕ್ಷಿ ಬರುತ್ತಿತ್ತು. ಅಲ್ಲಿ ದ್ರಾಕ್ಷಿ ಬೆಳೆಯುವ ಮಲ್ಲಿಕಾರ್ಜುನ ಎಂಬವರು ಪ್ರತಿವರ್ಷ ಸುಗ್ಗಿ ಮುಗಿದ ಮೇಲೆ ಅಂಗನವಾಡಿಯ ಮಕ್ಕಳಿಗೆಂದು ಒಂದು ಡಬ್ಬಿ ಒಣದ್ರಾಕ್ಷಿ ತಂದುಕೊಡುತ್ತಿದ್ದರು. ಹೆಂಡತಿ ತೀರಿಹೋಗಿದ್ದರು, ಮಕ್ಕಳಿರಲಿಲ್ಲ. ಮೂರು ವರ್ಷ ತಂದರು. ತಿಕೋಟಾಕ್ಕೂ ಕಾಖಂಡಕಿಗೂ ನಡುವೆ ಎಷ್ಟೊಂದು ಅಂಗನವಾಡಿಗಳಿವೆ, ಇವರೇಕೆ ಎಲ್ಲವನ್ನೂ ದಾಟಿ ಇಲ್ಲಿಗೇ ಬರುತ್ತಾರೆ ಎಂದು ನಮಗೆ ಯಾರಿಗೂ ಹೊಳೆಯಲಿಲ್ಲ. ಹೊಳೆದದ್ದು ನನ್ನ ಹೆಂಡತಿ ಭಾರತಿಗೆ. ಅವಳೇ ಮಾತಾಡಿ ಮದುವೆ ಗೊತ್ತು ಮಾಡಿದಳು.

ಅಕ್ಕ ಹೇಳಿದ್ದು ಒಂದೇ ಮಾತು, ಗುಡಿಯಲ್ಲಿ ನಾಲ್ಕು ಮಂದಿ ಅಕ್ಕಿಕಾಳು ಹಾಕಿದರೆ ಸಾಕು ಎಂದು. ನಾನು ಅದನ್ನು ಅವಳ ದೊಡ್ಡ ಗುಣವೆಂದು ತಿಳಿದು ಪಕ್ಕಕ್ಕಿಟ್ಟೆ. ನನಗಾಗಿ ಇಪ್ಪತ್ತು ವರ್ಷ ಕಾದವಳ ಮದುವೆ ಅಂಥಿಂಥ ಮದುವೆಯಾಗಬಾರದು. ಜನ ನೋಡಿ ಬೆರಗಾಗಬೇಕು. ಬೆರಗೇನೋ ಆದರು.

ಎರಡು ತಿಂಗಳು ಮೊಬೈಲಿನಲ್ಲಿ ದೊಡ್ಡ ದೊಡ್ಡ ಊರಿನ ಮದುವೆಗಳ ವಿಡಿಯೋ ನೋಡಿದೆ. ಸ್ಟೈಲಿಶ್ ಮದುವೆಗೆ ಒಂದು 'ಥೀಮ್' ಇರಲೇಬೇಕು ಎಂಬ ಸತ್ಯ ನನಗೆ ಅಲ್ಲಿ ದೊರೆಯಿತು. ಈ ಸತ್ಯವನ್ನು ಭಾರತಿಗೆ ತಿಳಿಸಿದೆ. ಅವಳು ರೊಟ್ಟಿ ಬಡಿಯುವುದನ್ನು ನಿಲ್ಲಿಸದೆ, ಅದಕ್ಕೆ ಪಲ್ಯ ಏನು ಮಾಡಬೇಕು ಎಂದು ಕೇಳಿದಳು. ಥೀಮ್ ಎಂದರೆ ತಿನ್ನುವುದಲ್ಲ, ಮದುವೆಯ ಎಲ್ಲವೂ ಒಂದೇ ಬಣ್ಣದ ಜಾಡಿನಲ್ಲಿರುವುದು ಎಂದು ವಿವರಿಸಿದೆ. ನಾನು ಆರಿಸಿದ್ದು ಹಾಲುಬಿಳಿ ಮತ್ತು ತಿಳಿಬೂದಿ.

"ನಿಮ್ಮ ಅಕ್ಕನ್ನ ಕೇಳೀರೇನು?" ಎಂದಳು ಭಾರತಿ.

ಕಲಾವಿದನು ಯಾರನ್ನೂ ಕೇಳುವುದಿಲ್ಲ.

ಮೊದಲು ಲಗ್ನಪತ್ರಿಕೆ ಬಂತು. ಬಿಳಿಯ ದಪ್ಪ ಕಾಗದ, ಬೂದಿ ಬಣ್ಣದ ಅಂಚು, ಬೂದಿ ಬಣ್ಣದ ಅಕ್ಷರ. ಗಣಪತಿಯನ್ನು ಕೂಡ ಬೂದಿ ಬಣ್ಣದಲ್ಲೇ ಕೂರಿಸಿದ್ದೆ. ಮೊದಲ ಪತ್ರಿಕೆ ಹಿರಿಯರಿಗೆ ಸಲ್ಲಬೇಕೆಂದು ಕಾಖಂಡಕಿಗೆ ಹೋಗಿ ದೊಡ್ಡಪ್ಪನ ಕೈಗೆ ಕೊಟ್ಟೆ. ಅವನು ಅಂಚು ನೋಡಿದ. ಮೆಲ್ಲಗೆ ರುಮಾಲು ತೆಗೆದು ತೊಡೆಯ ಮೇಲಿಟ್ಟುಕೊಂಡ. ನನ್ನ ಬೆನ್ನ ಮೇಲೆ ಕೈಯಿಟ್ಟ.

"ಯಾವಾಗ ಹೋದ್ರಪಾ?" ಎಂದ.

ಯಾರೂ ಹೋಗಿಲ್ಲ, ಇದು ಅಕ್ಕನ ಲಗ್ನ ಎಂದು ಅವನಿಗೆ ಮನವರಿಕೆ ಮಾಡುವಷ್ಟರಲ್ಲಿ ದೊಡ್ಡವ್ವ ಒಳಗೆ ಅಳಲು ಶುರು ಮಾಡಿಯಾಗಿತ್ತು. ಮರುದಿನ ಭಾರತಿ ಒಂದು ಬಟ್ಟಲು ಅರಿಸಿನ ಕಲಸಿ ನನ್ನ ಮುಂದಿಟ್ಟಳು. ಮಧ್ಯಾಹ್ನವಿಡೀ ಕೂತು ಪ್ರತಿ ಪತ್ರಿಕೆಯ ನಾಲ್ಕು ಮೂಲೆಗೂ ಹಚ್ಚಿದೆವು. ನನ್ನ ಥೀಮಿಗೆ ಬಿದ್ದ ಮೊದಲ ಕಲೆ ಅದು.

ಪತ್ರಿಕೆಯ ಕೊನೆಯಲ್ಲಿ ನಾನು ಒಂದು ಸಾಲು ಸೇರಿಸಿದ್ದೆ: ಅತಿಥಿಗಳು ದಯಮಾಡಿ ಬಿಳಿ ಅಥವಾ ತಿಳಿ ಬಣ್ಣದ ಉಡುಪಿನಲ್ಲಿ ಆಗಮಿಸಬೇಕಾಗಿ ವಿನಂತಿ. ಇದನ್ನು ಯಾರೋ ನಮ್ಮ ಸೋದರತ್ತೆ ನೀಲಮ್ಮನಿಗೆ ಓದಿ ಹೇಳಿದರು. ಅತ್ತೆ ಆ ದಿನವೇ ಬಸ್ಸು ಹತ್ತಿ ವಿಜಯಪುರಕ್ಕೆ ಬಂದಳು. ಚಹಾ ಕುಡಿದಳು, ಕಪ್ಪು-ಬಸಿ ಕೆಳಗಿಟ್ಟಳು.

"ನಮ್ಮ ಗಂಡಂದ್ರು ಇರೂತನಕಾ ನಾವು ಬಿಳಿ ಸೀರಿ ಉಡಾಂಗಿಲ್ಲೋ ಬಸೂ. ನಿಂಗ ಅಷ್ಟ ಹಟಾ ಇದ್ರ ನಿಮ್ಮ ಮಾಮಾಗ ಹೇಳು, ಮುದುಕ ಏನಾದ್ರೂ ಹಾದಿ ಮಾಡಿಕೊಟ್ರ ನೋಡೂಣು."

ಆ ವಿನಂತಿಯನ್ನು ನಾನು ಬೇಷರತ್ತಾಗಿ ಹಿಂತೆಗೆದುಕೊಂಡೆ.

ಇನ್ನು ಸ್ಥಳ. ಸ್ಟೈಲಿಶ್ ಮದುವೆಗಳು ಕಲ್ಯಾಣ ಮಂಟಪದಲ್ಲಿ ಆಗುವುದಿಲ್ಲ, ಪ್ರಕೃತಿಯ ಮಡಿಲಲ್ಲಿ ಆಗುತ್ತವೆ. ನಮ್ಮ ಕಡೆ ಮೇ ತಿಂಗಳಲ್ಲಿ ಪ್ರಕೃತಿಗೆ ಮಡಿಲಿರುವುದಿಲ್ಲ, ಬರೀ ಕೆಂಡವಿರುತ್ತದೆ. ಆದರೆ ಮಲ್ಲಿಕಾರ್ಜುನ ಮಾವನ ತೋಟದಲ್ಲಿ ದ್ರಾಕ್ಷಿ ಒಣಗಿಸುವ ಉದ್ದನೆಯ ಶೆಡ್ಡೊಂದಿತ್ತು. ಮೇಲೆ ತಗಡು, ಸುತ್ತ ಬಲೆಯ ಪರದೆ, ಒಳಗೆ ಬಿಸಿಲಿಲ್ಲ, ಗಾಳಿಯಾಡುತ್ತದೆ. ಆ ವರ್ಷದ ಮಾಲು ಖಾಲಿಯಾಗಿತ್ತು, ಸಿಹಿ ವಾಸನೆ ಮಾತ್ರ ಉಳಿದಿತ್ತು. ನಾನು ಕೇಳಿದಾಗ ಮಾವ ಬೀಗದ ಕೈ ಕೊಟ್ಟರು. ಅವರದು ಮಾತು ಕಡಿಮೆ. "ಅವರಿಗೆ ಇದು ಸೇರತೈತೋ ಇಲ್ಲೋ?" ಎಂದಷ್ಟೇ ಕೇಳಿದರು. ಅಕ್ಕನಿಗೆ ಇದೆಲ್ಲ ಅಚ್ಚರಿಯಾಗಿರಬೇಕು, ಹೇಳಬೇಡಿ ಎಂದೆ.

ಎಂಟುನೂರು ಕಾಗದದ ಗುಲಾಬಿ ಮಾಡಿದೆ. ಮನೆಯಲ್ಲಿ ನೀರಿನ ಲೋಟ ಇಡಲೂ ಜಾಗವಿರಲಿಲ್ಲ. ಮದುವೆಯ ಹಿಂದಿನ ದಿನ ಶೆಡ್ಡಿನ ಒಳಗೂ ಹೊರಗೂ ಬಿಳಿ ಬಟ್ಟೆ ಇಳಿಬಿಟ್ಟು, ನಡುವೆ ಮಂಟಪ ನಿಲ್ಲಿಸಿ, ಗುಲಾಬಿಗಳನ್ನು ಸಾಲಾಗಿ ಅಂಟಿಸಿದೆ. ದೂರ ನಿಂತು ನೋಡಿದೆ. ಕಣ್ಣು ತುಂಬಿ ಬಂತು. ಮದುವೆಯ ಬೆಳಿಗ್ಗೆ ಬಿಳಿ ಜುಬ್ಬಾ ತೊಟ್ಟು ಬಾಗಿಲಲ್ಲಿ ಅತಿಥಿಗಳ ದಾರಿ ಕಾಯುತ್ತ ನಿಂತೆ.

ಒಂಬತ್ತೂವರೆಗೆ ಮೊದಲ ಅತಿಥಿಗಳು ಬಂದರು. ಏಳೆಂಟು ಮಂದಿ ಮುದುಕ ಮುದುಕಿಯರು, ಕೈಯಲ್ಲಿ ಕೋಲು. ಯಾರ ಗುರುತೂ ಹತ್ತಲಿಲ್ಲ. ವರನ ಕಡೆಯವರಿರಬೇಕೆಂದು ಕೈ ಹಿಡಿದು ಮೊದಲ ಸಾಲಿನಲ್ಲಿ ಕೂರಿಸಿದೆ. ಎಲ್ಲರೂ ಶಿಸ್ತಿನಿಂದ ಕೂತರು. ಸ್ವಲ್ಪ ಹೊತ್ತಿನ ಮೇಲೆ ಒಬ್ಬ ಮುದುಕಿ ನನ್ನ ಜುಬ್ಬಾ ಜಗ್ಗಿ, ತನ್ನದು ಎಡಗಣ್ಣು, ಅದನ್ನೇ ಮೊದಲು ನೋಡಬೇಕೆಂದು ಕೇಳಿಕೊಂಡಳು. ರಸ್ತೆಯಿಂದ ಬಿಳಿ ಬಟ್ಟೆ ಕಂಡವರು ಯಾರೋ, ಮಲ್ಲಿಕಾರ್ಜುನನ ಶೆಡ್ಡಿನಲ್ಲಿ ಪುಕ್ಕಟೆ ಕಣ್ಣಿನ ತಪಾಸಣೆ ನಡೆದಿದೆ ಎಂದು ಸುದ್ದಿ ಮಾಡಿದ್ದರು. ನಾನೇ ಡಾಕ್ಟರು! ಮದುವೆಯೆಂದು ಹೇಳಿ, ಊಟ ಮಾಡಿಕೊಂಡೇ ಹೋಗಬೇಕೆಂದು ಕೈಮುಗಿದೆ. ಅವರು ಒಪ್ಪಿದರು, ಆದರೆ ನಿರಾಸೆ ಮರೆಮಾಚಲಿಲ್ಲ.

ಇನ್ನೂ ಒಂದು ಬಾಣ ನನ್ನ ಬತ್ತಳಿಕೆಯಲ್ಲಿತ್ತು. ವಿಡಿಯೋಗಳಲ್ಲಿ ವಧು ಮೋಡಗಳ ನಡುವೆ ನಡೆದುಬರುತ್ತಾಳೆ. ಅದಕ್ಕೊಂದು ಹೊಗೆಯ ಯಂತ್ರ ಬರುತ್ತದೆ. ಸೊಲ್ಲಾಪುರ ರಸ್ತೆಯ ಅಂಗಡಿಯೊಂದರಿಂದ ಅದನ್ನು ಬಾಡಿಗೆಗೆ ತಂದಿದ್ದೆ. ಗುಂಡಿ ಒತ್ತಿ ಮೂರು ಎಣಿಸಿ ಬಿಡಬೇಕು, ಒತ್ತಿ ಹಿಡಿಯಬಾರದು ಎಂದು ಅಂಗಡಿಯವನು ಎರಡು ಸಲ ಹೇಳಿದ್ದ. ಅಕ್ಕನ ಗಾಡಿ ಬಂದು ನಿಂತಿತು. ಅವಳು ನಾನೇ ಆರಿಸಿದ ತಿಳಿಬೂದಿ ಸೀರೆಯಲ್ಲಿ ಇಳಿದಳು. ನಾನು ಗುಂಡಿ ಒತ್ತಿದೆ. ಅವಳ ಮುಖ ನೋಡುತ್ತ ಎಣಿಸುವುದು ಮರೆತೆ. ನೆನಪಾಗಿ ಕೈ ತೆಗೆದರೆ ಗುಂಡಿ ಮೇಲೇಳಲೊಲ್ಲದು.

ಮೊದಲು ಮೋಡ ಬಂತು. ಆಮೇಲೆ ಕಾರ್ಮೋಡ. ಎರಡು ನಿಮಿಷದಲ್ಲಿ ಶೆಡ್ಡಿನೊಳಗೆ ಯಾರಿಗೆ ಯಾರೂ ಕಾಣಿಸಲಿಲ್ಲ. ಎಡಗಣ್ಣಿನ ಮುದುಕಿ, ಇದ್ದ ಒಂದು ಕಣ್ಣೂ ಹೋಯಿತೆಂದು ಗೋಳಾಡಿದಳು. ಹೊಗೆ ಬಲೆಯ ಪರದೆಯಿಂದ ನಾಲ್ಕೂ ಕಡೆ ಹೊರಬಿತ್ತು. ಹೊರಗೆ ಯಾರೋ, ಶೆಡ್ಡಿಗೆ ಬೆಂಕಿ ಹತ್ತಿತು ಎಂದು ಕೂಗಿದರು.

ಪಕ್ಕದ ತೋಟದ ಯಜಮಾನ ಪರೋಪಕಾರಿ. ದ್ರಾಕ್ಷಿಗೆ ಔಷಧ ಹೊಡೆಯುವ ಅವರ ಟ್ರ್ಯಾಕ್ಟರು, ಮದುವೆಯ ಮಂದಿ ಕೈಕಾಲು ತೊಳೆಯಲೆಂದು ಟಾಕಿ ತುಂಬ ಶುದ್ಧ ನೀರು ಹೊತ್ತು ಅಲ್ಲೇ ನಿಂತಿತ್ತು. ಅವರು ಅದನ್ನು ನೇರ ಬಾಗಿಲಿಗೆ ತಂದು ನೀರು ಚಿಮ್ಮಿಸುವ ಫ್ಯಾನು ಬಿಟ್ಟರು. ಮೂವತ್ತು ವರ್ಷ ದ್ರಾಕ್ಷಿಗೆ ಹೊಡೆದು ಪಳಗಿದ ಕೈ. ಒಂದು ಎಲೆಯ ಮೇಲೂ ಕೆಳಗೂ ಒಣ ಜಾಗ ಬಿಡುವುದಿಲ್ಲ. ಬಿಳಿ ಬಟ್ಟೆ ಹಾರಿ ಬೇಲಿಗೆ ಬಿತ್ತು. ಎಂಟುನೂರು ಗುಲಾಬಿ ಗಂಜಿಯಾಗಿ ಇಳಿದವು. ಮಂಟಪ ಒಂದು ಸಲ ನನ್ನ ಕಡೆ ನೋಡಿ, ಮಲಗಿಬಿಟ್ಟಿತು. ಹೊಗೆ ತಿಳಿಯಾದಾಗ ಅಕ್ಕ ಬಾಗಿಲಲ್ಲೇ ನಿಂತಿದ್ದಳು, ತಲೆಯಿಂದ ಪಾದದ ತನಕ ತೊಯ್ದು.

ಮುಹೂರ್ತಕ್ಕೆ ಒಂದು ತಾಸು ಉಳಿದಿತ್ತು. ನಾನು ಶೆಡ್ಡಿನ ಹಿಂದೆ ಹೋಗಿ ಖಾಲಿ ಕ್ರೇಟಿನ ಮೇಲೆ ಕೂತೆ. ಮೂವತ್ತೈದು ವರ್ಷದ ಗಂಡಸು, ಸರಕಾರಿ ನೌಕರ, ಬಿಕ್ಕಿ ಬಿಕ್ಕಿ ಅತ್ತೆ. ಯಾರೋ ಪಕ್ಕದ ಕ್ರೇಟು ಎಳೆದುಕೊಂಡು ಕೂತರು. ಸೆರಗಿನಿಂದ ನೀರು ತೊಟ್ಟಿಕ್ಕುತ್ತಿತ್ತು.

"ಅಳಬ್ಯಾಡ ತಮ್ಮಾ," ಎಂದಳು ಅಕ್ಕ.

ನಿನ್ನ ಮದುವೆಯನ್ನು ನಾನೇ ಕೆಡಿಸಿದೆ ಎಂದೆ. ನೀನು ನನಗೆ ಎಲ್ಲ ಮಾಡಿದೆ, ನನಗೆ ಒಂದು ದಿನ ಮಾಡಲಾಗಲಿಲ್ಲ ಎಂದೆ. ಅವಳು ನನ್ನ ಕೂದಲಿಗೆ ಅಂಟಿದ ಕಾಗದ ಕಿತ್ತು ಹಾಕಿದಳು.

"ನೀ ಒಂದ ಮಾತು ನನ್ನ ಕೇಳಬೇಕಿತ್ತೋ."

"ಏನ ಬೇಕಿತ್ತಕ್ಕಾ ನಿನಗ?"

ಅಕ್ಕ ತುಸು ನಾಚಿದಳು. ಅವಳು ನಾಚಿದ್ದನ್ನು ನಾನು ಅಲ್ಲಿಯವರೆಗೆ ಕಂಡಿರಲಿಲ್ಲ. "ಹಸರ ಸೀರಿ. ಕೈ ತುಂಬ ಹಸರ ಬಳಿ. ಇಷ್ಟ ವಯಸ್ಸಾದ ಮ್ಯಾಲ ಬೇಕಂದ್ರ ಮಂದಿ ನಗತಾರ ಅಂತ ಸುಮ್ಮನಿದ್ದೆ. ಮತ್ತ ನೀ ನನ್ನ ಪಕ್ಕಕ್ಕ ನಿಂದ್ರೂದು. ಎರಡ ತಿಂಗಳಾತು, ನಿನಗ ನನ್ನ ಕೂಡ ಕುಂದ್ರಾಕ ಪುರಸತ್ತ ಇಲ್ಲ."

ನನಗೆ ಮತ್ತೆ ಅಳು ಬಂತು. ಅವಳು ಒದ್ದೆ ಸೆರಗಿನಿಂದಲೇ ನನ್ನ ಮುಖ ಒರೆಸಿದಳು. ಮುಖ ಮೊದಲಿಗಿಂತ ಹೆಚ್ಚು ಒದ್ದೆಯಾಯಿತು.

ನಾವು ಎದ್ದು ಒಳಗೆ ಬಂದರೆ ಅಲ್ಲಿ ಯಾರೂ ಅಳುತ್ತಿರಲಿಲ್ಲ. ಕಾಖಂಡಕಿಯ ಹೆಂಗಸರು ಟ್ರ್ಯಾಕ್ಟರಿನ ಟ್ರಾಲಿಯಲ್ಲಿ ಕೌದಿ ಹಾಸಿಕೊಂಡು ಕೂತು ಬಂದಿದ್ದರು. ಹಳೆಯ ಸೀರೆಗಳ ತುಂಡು ಕೂಡಿಸಿ ಹೊಲಿದ ಕೌದಿಗಳು, ಕೆಂಪು, ಹಳದಿ, ನೇರಳೆ, ಬಣ್ಣಕ್ಕೆ ಲೆಕ್ಕವಿಲ್ಲ. ಭಾರತಿ ಸೆರಗು ಸಿಕ್ಕಿಸಿಕೊಂಡು ಏಣಿ ಹತ್ತಿದ್ದಳು. ಅವರು ಕೆಳಗಿನಿಂದ ಕೊಟ್ಟ ಹಾಗೆ ಒಂದೊಂದೇ ಕೌದಿಯನ್ನು ಶೆಡ್ಡಿನ ತಂತಿಗಳಿಗೆ ಇಳಿಬಿಡುತ್ತಿದ್ದಳು. ನೀಲಮ್ಮತ್ತೆ ತಾನು ಆಯೇರಿಯ ಉಡುಗೊರೆ ಮಾಡಲೆಂದು ತಂದಿದ್ದ ಇಳಕಲ್ ಸೀರೆಯನ್ನು ಚೀಲದಿಂದ ತೆಗೆದಳು. ಹಸಿರು! ಅವಳನ್ನು ಯಾರೂ ಕೇಳಿರಲಿಲ್ಲ, ಅವಳೂ ಯಾರನ್ನೂ ಕೇಳಿರಲಿಲ್ಲ. ಮದುಮಗಳಿಗೆ ಇನ್ನೇನು ತರುತ್ತಾರೆ ಎಂದಳು. ಅಂಗನವಾಡಿ ಮಕ್ಕಳ ತಾಯಂದಿರು ತಮ್ಮ ತಮ್ಮ ಕೈಯಿಂದ ಎರಡೆರಡು ಹಸಿರು ಬಳೆ ತೆಗೆದು ಅಕ್ಕನ ಕೈ ತುಂಬಿಸಿದರು.

ಅರ್ಧ ತಾಸಿನಲ್ಲಿ ಮಂಟಪ ಸಿದ್ಧವಾಯಿತು. ನಾನು ಚಿತ್ರಕಲೆ ಕಲಿಸುವವನು, ಸುಳ್ಳು ಹೇಳಬಾರದು. ಚಂದವಿತ್ತು.

ಭಟ್ಟರು ಅಂತರಪಟದ ಒಂದು ತುದಿಯನ್ನು ನನ್ನ ಕೈಗೆ ಕೊಟ್ಟರು. ಈಚೆ ಅಕ್ಕ, ಆಚೆ ಮಾವ, ನಡುವೆ ಬಟ್ಟೆ. ಮಂಗಳಾಷ್ಟಕ ಮುಗಿದೊಡನೆ ಅದನ್ನು ಇಳಿಸಬೇಕು, ಅಷ್ಟೇ ನನ್ನ ಕೆಲಸ. ನಾನು ಅಕ್ಕನ ಪಕ್ಕದಲ್ಲೇ ನಿಂತೆ. ಬಾಸಿಂಗ ಕಟ್ಟಿಕೊಂಡು ತಲೆ ತಗ್ಗಿಸಿ ನಿಂತವಳನ್ನು ನೋಡಿದೆ. ಸಾಲಿಗೆ ಹೋಗುವ ಮುಂಚೆ ನನ್ನ ತಲೆ ಬಾಚುತ್ತಿದ್ದವಳು ಇವಳೇ. ಮಂಗಳಾಷ್ಟಕ ಮುಗಿಯಿತು. ಅಕ್ಕಿಕಾಳು ಬಿದ್ದವು. ಬಾಜಾ ಬಡಿಯಿತು. ನನಗೆ ಏನೂ ಕಾಣಿಸಲಿಲ್ಲ, ಕಣ್ಣೆಲ್ಲ ನೀರು. ಆಗ ಬಟ್ಟೆಯ ಆಚೆಯಿಂದ ಮದುಮಗನ ಧ್ವನಿ ಬಂತು, ಬಹಳ ಮರ್ಯಾದೆಯಿಂದ.

"ಮಾಸ್ತರ್ರ, ಇನ್ನರೆ ಇಳಸ್ರಿ. ಮೂರ ವರ್ಷ ಆಗೇತಿ."

ಶೆಡ್ಡಿಗೆ ಶೆಡ್ಡೇ ನಕ್ಕಿತು. ಅಕ್ಕ ಎಲ್ಲರಿಗಿಂತ ಜೋರಾಗಿ ನಕ್ಕಳು. ನಾನು ಇಳಿಸಿದೆ.

ಹದಿನೈದು ದಿನದ ಮೇಲೆ ಬಬಲೇಶ್ವರದ ಹಿರಿಯರೊಬ್ಬರು ನನ್ನನ್ನು ಹುಡುಕಿಕೊಂಡು ಸಾಲಿಗೆ ಬಂದರು. ತಿಕೋಟಾದ ಮದುವೆಯ ಫೋಟೋ ನೋಡಿದ್ದರಂತೆ. ಅಂಥ ಮಂಟಪ ಈ ಭಾಗದಲ್ಲಿ ಯಾರೂ ಕಟ್ಟಿಲ್ಲ, ತಮ್ಮ ಮೊಮ್ಮಗಳ ಮದುವೆಗೂ ಅದೇ ಬೇಕು ಎಂದರು. ನಾನು ಎದೆಯುಬ್ಬಿಸಿ, ಕುರ್ಚಿ ಕೊಟ್ಟು, ಚಹಾ ತರಿಸಿ, ಬಣ್ಣಗಳ ಹೊಂದಾಣಿಕೆಯ ಬಗ್ಗೆ ಸುದೀರ್ಘವಾಗಿ ಮಾತಾಡಿದೆ. ಅವರು ತಾಳ್ಮೆಯಿಂದ ಕೇಳಿ, ಚಹಾ ಮುಗಿಸಿ, ಜೇಬಿನಿಂದ ಪೆನ್ನು ತೆಗೆದರು.

"ಅದೆಲ್ಲಾ ಖರೆ ಐತ್ರಿ ಮಾಸ್ತರ್ರ. ಈಗ ಆ ಕೌದಿ ಕಟ್ಟಿದ ಅಕ್ಕಾರ ನಂಬರ್ ಒಂದ ಹೇಳ್ರಿ."

ಭಾರತಿಯ ನಂಬರು ಕೊಟ್ಟೆ. ಅವಳೂ ಕಾಖಂಡಕಿಯ ಹೆಂಗಸರೂ ಆ ಮದುವೆಯನ್ನು ಒಪ್ಪಿಕೊಂಡರು. ಅದಾದ ಮೇಲೆ ಇನ್ನೂ ಎರಡು ಬಂದಿವೆ. ನಮ್ಮಕ್ಕ ಅಂಗನವಾಡಿಗೆ ಸೂಟಿ ಇದ್ದ ದಿನ ಬಂದು ಬಣ್ಣ ಆರಿಸಿಕೊಡುತ್ತಾಳೆ. ನನ್ನನ್ನೂ ಅವರು ಕೈಬಿಟ್ಟಿಲ್ಲ. ಏಣಿ ಹಿಡಿಯುವ ಕೆಲಸ ಕೊಟ್ಟಿದ್ದಾರೆ. ಹಿಡಿದ ಮೇಲೆ ಮಾತಾಡಬಾರದು ಎಂಬ ಷರತ್ತಿನ ಮೇಲೆ.