ಉತ್ತರಕ್ಕೆ ಅಲ್ಲಾಡುವ ಗಾಡಿ

ತ್ರಿತಾಲೂಕು ಪ್ರವಾಸಿ ಸೌಕರ್ಯ ಮಂಡಳಿಯ ಸಂಚಾರಿ ವಿಶ್ರಾಂತಿ ಗೃಹವು ಉತ್ತರಕ್ಕೆ ಹೋಗುವಾಗ ಅಲ್ಲಾಡುತ್ತದೆ. ದಕ್ಷಿಣಕ್ಕೆ ಬರುವಾಗ ಅಲ್ಲಾಡುವುದಿಲ್ಲ. ಇದು ಮಂಡಳಿಯ ದಾಖಲೆಯಲ್ಲಿರುವ ಸಂಗತಿ. ಮಂಡಳಿಯ ಹೊರಗುತ್ತಿಗೆ ತಾಂತ್ರಿಕ ಸಹಾಯಕನಾಗಿ ಆ ದಾಖಲೆ ಬರೆದವನು ನಾನು.

ಸಂಚಾರಿ ವಿಶ್ರಾಂತಿ ಗೃಹವೆಂದರೆ ಜೀಪಿನ ಹಿಂದೆ ಕಟ್ಟಿ ಎಳೆಯುವ ಎರಡು ಚಕ್ರದ ಪುಟ್ಟ ಮನೆ. ಒಳಗೆ ಎರಡು ಮಂಚ, ಒಂದು ಒಲೆ, ಒಂದು ಬಚ್ಚಲು. ಪ್ರವಾಸಿಗರು ಬಯಸಿದ ಕಡಲತೀರದಲ್ಲಿ ನಿಲ್ಲಿಸಿ ಅವರನ್ನು ಅದರಲ್ಲಿ ಮಲಗಿಸುವುದು ಯೋಜನೆ. ಆದರೆ ಗಾಡಿ ಮಂಡಳಿಯ ಹೆಸರಿನಲ್ಲಿ ನೋಂದಣಿಯಾದ ಕಾರಣ ಅದು ಶಾಖಾ ಕಚೇರಿಯೂ ಹೌದು. ಶಾಖಾ ಕಚೇರಿಯಲ್ಲಿ ಒಂದು ಉಕ್ಕಿನ ಕಪಾಟು ಇರತಕ್ಕದ್ದು. ನೂರ ಅರವತ್ತು ಕಿಲೋದ ಕಪಾಟನ್ನು ಒಳಗೆ ತಂದರು. ಒಂದು ಮಂಚವನ್ನು ಹೊರಗೆ ಹಾಕಿದರು.

ಗಾಡಿ ಎಳೆಯುವ ಜೀಪಿನ ಚಾಲಕ ಐತ. ಹದಿಮೂರು ವರ್ಷಗಳಿಂದ ದಿನಗೂಲಿ. ಈ ಸಲ ಮಂಡಳಿ ಅವನ ಬಗ್ಗೆ ಒಂದು ನಿರ್ಣಯ ಮಾಡಿತ್ತು. ಫೆಬ್ರವರಿ ಹತ್ತರ ಉದ್ಘಾಟನೆಗೆ ಗಾಡಿಯನ್ನು ಬ್ರಹ್ಮಾವರದಿಂದ ಬೈಂದೂರಿಗೆ ಅಲ್ಲಾಡದಂತೆ ತಲುಪಿಸಬೇಕು. ಅನಂತರ ತೊಂಬತ್ತು ದಿನ ದಿನವೂ ಹೋಗಿಬಂದು ಯಾವ ಆಕ್ಷೇಪಣೆಯೂ ಬರಬಾರದು. ಹಾಗಾದರೆ ನೌಕರಿ ಖಾಯಂ. ಇಲ್ಲವಾದರೆ ಹದಿಮೂರು ವರ್ಷದ ಸೇವೆಗೆ ಮಂಡಳಿ ಕೃತಜ್ಞವಾಗಿರುತ್ತದೆ.

ಮೊದಲ ಪರೀಕ್ಷಾ ಓಟ ಜನವರಿಯಲ್ಲಿ ನಡೆಯಿತು. ಕುಂದಾಪುರ ದಾಟುವವರೆಗೆ ದಟ್ಟಣೆ ಇತ್ತು, ವೇಗ ಇರಲಿಲ್ಲ. ಮರವಂತೆಯಲ್ಲಿ ಎಡಕ್ಕೆ ಸಮುದ್ರ, ಬಲಕ್ಕೆ ನದಿ, ನಡುವೆ ಖಾಲಿ ರಸ್ತೆ. ಐತ ಐವತ್ತಕ್ಕೆ ಏರಿಸಿದ. ಹಿಂದಿನ ಮನೆ ಒಮ್ಮೆ ಸಮುದ್ರವನ್ನು ನೋಡಿತು, ಒಮ್ಮೆ ನದಿಯನ್ನು ನೋಡಿತು, ಮತ್ತೆ ಸಮುದ್ರವನ್ನು ನೋಡಿತು.

"ಹ್ವಾಯ್ ಸಾರ್, ಇದೆಂತ ಮಾರಾಯ್ರೆ! ಬಾಲವೇ ನಾಯಿನ್ನ ಅಲ್ಲಾಡ್ಸ್ತಾ ಇತ್ತಲೆ!" ಎಂದು ಐತ ಕೂಗಿದ.

"ಬ್ರೇಕ್ ಹಾಕಬೇಡ. ಕಾಲು ತೆಗೆ, ಸಾಕು," ಎಂದೆ.

"ಕಾಲ್ ತೆಗ್ದೇ ಆಯ್ತ್. ಈಗ ಜೀವ ಒಂದ್ ಬಾಕಿ."

ಉಳಿದ ದಾರಿಯನ್ನು ಗಂಟೆಗೆ ಇಪ್ಪತ್ತು ಕಿಲೋಮೀಟರಿನಂತೆ ಮುಗಿಸಿದೆವು. ಹೆಮ್ಮಾಡಿಯಿಂದ ನಮ್ಮ ಹಿಂದೆ ಸೇರಿದ್ದ ಬಸ್ಸಿನವರು ಬೈಂದೂರಿನವರೆಗೂ ನಮ್ಮನ್ನು ಅನೇಕ ರೀತಿಯಲ್ಲಿ ಸ್ಮರಿಸಿದರು.

ಕಾರಣ ತಿಳಿಯುವುದು ಕಷ್ಟವಾಗಲಿಲ್ಲ. ಐತನ ಹೆಂಡತಿ ಕುಸುಮ ಕುಂದಾಪುರದ ಮಾರುಕಟ್ಟೆಯಲ್ಲಿ ಮೀನು ಮಾರುತ್ತಾಳೆ. ಅವಳ ದೊಡ್ಡ ತಕ್ಕಡಿಯನ್ನು ತಂದು ಗಾಡಿಯ ಮೂತಿಯನ್ನು ಅದರ ಮೇಲಿಟ್ಟೆ. ಗಾಡಿಯ ಒಟ್ಟು ತೂಕ ಸಾವಿರದ ಇನ್ನೂರು ಕಿಲೋ. ಅದರಲ್ಲಿ ನೂರಿಪ್ಪತ್ತರಿಂದ ನೂರ ಎಂಬತ್ತು ಕಿಲೋ ಮೂತಿಯ ಮೇಲೆ, ಅಂದರೆ ಜೀಪಿನ ಕೊಕ್ಕೆಯ ಮೇಲೆ ಕೂರಬೇಕು. ತಕ್ಕಡಿ ಇಪ್ಪತ್ತೆರಡು ತೋರಿಸಿತು.

"ಒಂದ್ ಅಂಜಲ್ ಮೀನಿನ್ ತೂಕ ಇತ್ತ್ ಅಷ್ಟೆ," ಎಂದಳು ಕುಸುಮ.

ಭಾರವೆಲ್ಲ ಹಿಂದೆ ಇತ್ತು. ಹಿಂದೆ ಇದ್ದದ್ದು ಕಪಾಟು.

ಬಸ್ರೂರಿನ ವೆಲ್ಡಿಂಗ್ ಶಾಪಿನ ಶೈಲೇಶ್ ಬಂದು ಹೊಸ ಕೊಕ್ಕೆ ಕೂರಿಸಿದ. ಗಾಡಿ ನೆಲಕ್ಕೆ ಸಮವಾಗುವಂತೆ, ಮೂತಿ ಕೂರುವ ಕೊಕ್ಕೆಯ ಗುಂಡಿನ ಎತ್ತರ ಸರಿಮಾಡಿದ. ಪಕ್ಕದಲ್ಲಿ, ಗಾಡಿ ಓಲದಂತೆ ಉಜ್ಜಿ ಹಿಡಿಯುವ ಒಂದು ಅಡ್ಡಪಟ್ಟಿ ಹಾಕಿ, ಅದರ ಬೋಲ್ಟನ್ನು ನಾನು ಹೇಳಿದಷ್ಟು ಸುತ್ತು ಬಿಗಿದ. ಅಲ್ಲಾಟ ಕಡಿಮೆಯಾಯಿತು, ನಿಲ್ಲಲಿಲ್ಲ.

"ಕಪಾಟ್ ಮುಂದ್ ತನ್ನಿ," ಎಂದ ಶೈಲೇಶ್. "ಬರೀ ಕೊಕ್ಕೆ ಎಂತ ಮಾಡ್ತ್? ಅದೇನ್ ಮಂತ್ರವಾದಿಯಾ?"

ನಾನು ಹಾಗೆಯೇ ವರದಿ ಬರೆದೆ. ನಿರ್ದೇಶಕರಾದ ರವಿಚಂದ್ರ ಅವರು ಓದಿದರು. ಅವರು ಸಜ್ಜನರು. ಓದಿದ ಕಾಗದವನ್ನು ಮಡಚುವುದಿಲ್ಲ.

"ಕಪಾಟು ಎಲ್ಲಿದೆ?"

"ಹಿಂದೆ, ಎಡಮೂಲೆಯಲ್ಲಿ ಸರ್."

"ಅದು ಹಿಂದೆ ಅಲ್ಲ. ನೈಋತ್ಯ."

ಅವರು ಸುತ್ತೋಲೆ ಹನ್ನೊಂದನ್ನು ತೋರಿಸಿದರು. ಕೆಲವು ವರ್ಷಗಳ ಹಿಂದೆ ಮಂಡಳಿಯ ನಲವತ್ತು ಕಡತಗಳು ಕಾಣೆಯಾಗಿದ್ದವು. ಕಪಾಟು ಈಶಾನ್ಯದಲ್ಲಿದ್ದುದೇ ಕಾರಣವೆಂದು ತನಿಖೆಯಲ್ಲಿ ಸಾಬೀತಾಗಿತ್ತು. ಅಂದಿನಿಂದ ನಿಯಮ ಹೀಗಿದೆ: "ಮಂಡಳಿಯ ಯಾವುದೇ ಕಚೇರಿಯಲ್ಲಿ ಭಾರವಾದ ವಸ್ತುಗಳು ವಾಸ್ತುಪ್ರಕಾರ ನೈಋತ್ಯ ಮೂಲೆಯಲ್ಲೇ ಇರತಕ್ಕದ್ದು. ದಿಕ್ಕನ್ನು ಆಯಾ ಕಚೇರಿಗೆ ನೀಡಲಾದ ದಿಕ್ಸೂಚಿಯಿಂದ ಮಾತ್ರ ನಿರ್ಧರಿಸತಕ್ಕದ್ದು."

ಗಾಡಿಗೂ ಒಂದು ದಿಕ್ಸೂಚಿ ನೀಡಲಾಗಿತ್ತು. ಅದನ್ನು ಮುಂಭಾಗದ ಪ್ಲೈವುಡ್ ಗೋಡೆಗೆ ಸ್ಕ್ರೂ ಹಾಕಿ ಕೂರಿಸಿದ್ದರು. ಬ್ರಹ್ಮಾವರದಿಂದ ಬೈಂದೂರು ಉತ್ತರಕ್ಕಿದೆ. ಉತ್ತರಕ್ಕೆ ಮುಖ ಮಾಡಿದ ಗಾಡಿಯಲ್ಲಿ ನೈಋತ್ಯವೆಂದರೆ ಹಿಂದಿನ ಎಡಮೂಲೆ. ಇದರಲ್ಲಿ ಯಾರ ತಪ್ಪೂ ಇಲ್ಲ.

ಎರಡನೆಯ ಪರೀಕ್ಷಾ ಓಟಕ್ಕೆ ರವಿಚಂದ್ರ ಅವರೇ ಬಂದರು. ಮರವಂತೆಯಲ್ಲಿ ಕಣ್ಣು ಮುಚ್ಚಿದವರು ಬೈಂದೂರಿನಲ್ಲಿ ತೆರೆದರು. ಅಲ್ಲಿ ಜೀಪು ತಿರುಗಿತು. ಗಾಡಿಯ ನೈಋತ್ಯವೂ ತಿರುಗಿತು. ಅದು ಈಗ ಮುಂದಿನ ಬಲಮೂಲೆಗೆ ಬಂದಿತ್ತು. ನಿಯಮದಂತೆ ನಾಲ್ಕು ಜನ ಕಪಾಟನ್ನು ಹೊತ್ತು ಮುಂದೆ ತಂದರು. ಐತ ಅರವತ್ತರಲ್ಲಿ ಓಡಿಸಿದ. ಗಾಡಿ ಹಳಿಯ ಮೇಲಿನ ರೈಲಿನಂತೆ ಬಂತು. ಕೊಕ್ಕೆಯ ಮೇಲೆ ನೂರ ನಲವತ್ತೆಂಟು ಕಿಲೋ ಇತ್ತು.

ರವಿಚಂದ್ರ ಅವರು ಟಿಪ್ಪಣಿ ಬರೆಸಿದರು: "ಗಾಡಿಯಲ್ಲಿ ದೋಷವಿಲ್ಲ. ಕೊಕ್ಕೆಯಲ್ಲಿ ದೋಷವಿಲ್ಲ. ದೋಷ ಉತ್ತರದಲ್ಲಿದೆ."

ಮಂಡಳಿಯ ತುರ್ತು ಸಭೆ ಕರೆಯಲಾಯಿತು. ಬೈಂದೂರನ್ನು ಬ್ರಹ್ಮಾವರದ ದಕ್ಷಿಣಕ್ಕೆ ಸ್ಥಳಾಂತರಿಸಲು ಸರ್ಕಾರಕ್ಕೆ ಬರೆಯಬಹುದೇ ಎಂಬ ಪ್ರಶ್ನೆ ಬಂತು. ಅದಕ್ಕೆ ಬೈಂದೂರಿನ ಸದಸ್ಯರು ತಮ್ಮ ತೋಟವನ್ನೂ ಜೊತೆಗೆ ಒಯ್ಯುವುದಾದರೆ ಅಭ್ಯಂತರವಿಲ್ಲ ಎಂದರು. ಇಡೀ ದಾರಿ ರಿವರ್ಸ್ ಗೇರಿನಲ್ಲಿ ಹೋದರೆ ಗಾಡಿಯ ಮುಖ ದಕ್ಷಿಣಕ್ಕೇ ಇರುತ್ತದೆ ಎಂದು ಇನ್ನೊಬ್ಬರು ಹೇಳಿದರು. ಅದನ್ನು ಪರೀಕ್ಷಿಸಲಾಯಿತು. ನಲವತ್ತು ಮೀಟರ್ ಹೋಗುವಷ್ಟರಲ್ಲಿ ಗಾಡಿ ಮಡಚಿಕೊಂಡು ಕಚೇರಿಯ ಶೌಚಾಲಯದ ಬಾಗಿಲಿಗೆ ಅಡ್ಡ ನಿಂತಿತು. ಒಳಗೆ ಲೆಕ್ಕಾಧಿಕಾರಿ ಇದ್ದರು. ಎರಡು ಗಂಟೆಯ ಅನಂತರ ಹೊರಬಂದ ಅವರು ಈ ಪ್ರಸ್ತಾವವನ್ನು ಲಿಖಿತವಾಗಿ ವಿರೋಧಿಸಿದರು.

ಉದ್ಘಾಟನೆಗೆ ಎರಡು ದಿನ ಉಳಿಯಿತು. ಐತ ಗಾಡಿಯ ಮೆಟ್ಟಿಲ ಮೇಲೆ ಕೂತಿದ್ದ. ಕುಸುಮ ತಕ್ಕಡಿ ಒಯ್ಯಲು ಬಂದಿದ್ದಳು. ಶೈಲೇಶ್ ಬೋಲ್ಟಿಗೆ ಗ್ರೀಸ್ ಹಚ್ಚುತ್ತಿದ್ದ.

"ನಂಗೆ ಗಾಡಿ ಬಿಡುಕೆ ಬತ್ತ್," ಎಂದ ಐತ. "ದಿಕ್ಕ್ ಬದ್ಲ್ ಮಾಡುಕೆ ಬತ್ತಿಲ್ಲ. ಹದ್ಮೂರ್ ವರ್ಷ ಹೋಯ್ತ್ ಕಾಣ್ ಒಂದ್ ಕಪಾಟಿಗೆ."

"ದಿಕ್ಕ್ ಹೇಳೂದ್ ಯಾರ್?" ಎಂದು ಕುಸುಮ ಕೇಳಿದಳು.

ನಾನು ದಿಕ್ಸೂಚಿ ತೋರಿಸಿದೆ.

"ಇದಾ? ಈ ಮುಳ್ಳಾ?" ಅವಳು ಹತ್ತಿರ ಹೋಗಿ ನೋಡಿದಳು. "ಗಿರಾಕಿ ಎದ್ರ್ ಇಷ್ಟ್ ದಪ್ಪದ್ ತಕ್ಕಡಿ ಮುಳ್ಳೇ ನಾ ಹೇಳ್ದಲ್ ನಿಲ್ತ್. ಇದೊಂದ್ ಸೂಜಿ. ನೀವ್ ಮೂರ್ ಜನ ಗಂಡಸ್ರ್ ಎಂತಕ್ ಇಪ್ಪುದ್?"

ಶೈಲೇಶ್ ಗ್ರೀಸ್ ಕೈ ಒರೆಸಿಕೊಂಡ. ಅವನ ಅಂಗಡಿಯಲ್ಲಿ ಯಕ್ಷಗಾನದ ಹಳೆಯ ಮೈಕ್‌ಸೆಟ್ಟಿನ ಒಂದು ಸ್ಪೀಕರ್ ಬಿದ್ದಿತ್ತು. ಅದರ ಅಯಸ್ಕಾಂತವನ್ನು ಬಿಡಿಸಿ ತಂದು ದಿಕ್ಸೂಚಿಯ ಹಿಂದೆ, ಗೋಡೆಯ ಆಚೆ ಬದಿಗೆ ಬೋಲ್ಟ್ ಮಾಡಿದ. ಯಾವ ಕಡೆ ತಿರುಗಿಸಿ ಕೂರಿಸಬೇಕೆಂದು ನಾನು ಹೇಳಿದೆ. ನಾನು ಭೌತಶಾಸ್ತ್ರದಲ್ಲಿ ಪದವೀಧರ. ಕಲಿತದ್ದು ಉಪಯೋಗಕ್ಕೆ ಬಂದ ಮೊದಲ ದಿನ ಅದು.

ಮರುದಿನ ರವಿಚಂದ್ರ ಅವರು ದಿಕ್ಸೂಚಿ ನೋಡಿದರು. ಅದರ ಪ್ರಕಾರ ಗಾಡಿ ದಕ್ಷಿಣಕ್ಕೆ ಮುಖ ಮಾಡಿತ್ತು. ಹೊರಗೆ ಬಂದು ರಸ್ತೆ ನೋಡಿದರು. ಗಾಡಿಯ ಮುಖವಿದ್ದ ಕಡೆಗೇ, ಉತ್ತರದ ಕುಂದಾಪುರಕ್ಕೆ ಬಾಣದ ಗುರುತಿತ್ತು. ಮತ್ತೆ ಒಳಗೆ ಹೋದರು.

"ದಿಕ್ಸೂಚಿಗೆ ಪ್ರಮಾಣಪತ್ರ ಇದೆಯೇ?"

"ಇದೆ ಸರ್."

"ಆ ಬಾಣಕ್ಕೆ?"

"ಇಲ್ಲ ಸರ್."

"ಹಾಗಾದರೆ ಕಪಾಟು ಮುಂದೆ ಇಡಿ."

ಫೆಬ್ರವರಿ ಹತ್ತರಂದು ಗಾಡಿ ಬೈಂದೂರಿಗೆ ಅರವತ್ತರ ವೇಗದಲ್ಲಿ, ಒಂದಿಂಚೂ ಅಲ್ಲಾಡದೆ, ದಕ್ಷಿಣಾಭಿಮುಖವಾಗಿ ತಲುಪಿತು. ಮುಖ್ಯ ಅತಿಥಿಗಳು ದಿಕ್ಸೂಚಿಯ ಪ್ರಕಾರ ಪೂರ್ವಕ್ಕೆ, ಅಂದರೆ ಸಮುದ್ರಕ್ಕೆ, ಮುಖ ಮಾಡಿ ದೀಪ ಬೆಳಗಿದರು. ಗಾಳಿಗೆ ದೀಪ ನಾಲ್ಕು ಸಲ ಆರಿತು. ಸಂಜೆ ಆರೂವರೆ ಆಗಿತ್ತು. "ಉದಯಿಸುತ್ತಿರುವ ಸೂರ್ಯನ ಸಮ್ಮುಖದಲ್ಲಿ ಯೋಜನೆ ಲೋಕಾರ್ಪಣೆಗೊಂಡಿತು" ಎಂದು ಮಂಡಳಿ ಪ್ರಕಟಣೆ ನೀಡಿತು. ಸೂರ್ಯ ನೀರಿಗೆ ಇಳಿದದ್ದನ್ನು ಹಲವರು ನೋಡಿದರು, ಚಪ್ಪಾಳೆ ತಟ್ಟಿದರು.

ಅಯಸ್ಕಾಂತ ಗಾಡಿಗೇ ಅಂಟಿದ್ದರಿಂದ ಗಾಡಿ ಎತ್ತ ತಿರುಗಿದರೂ ಮುಳ್ಳು ಜಾಗ ಬಿಡಲಿಲ್ಲ. ಬೈಂದೂರಿನಿಂದ ಬ್ರಹ್ಮಾವರಕ್ಕೆ ಹಿಂತಿರುಗಿದ್ದೂ ದಕ್ಷಿಣಕ್ಕೇ. ಮರುದಿನ ಹೋದದ್ದೂ ದಕ್ಷಿಣಕ್ಕೆ. ಕಪಾಟನ್ನು ಹೊರುವ ಕೆಲಸ ನಿಂತಿತು. ಓಟದ ಪುಸ್ತಕದಲ್ಲಿ ದಿಕ್ಕಿನ ಕಾಲಂ ಇದೆ. ಐತ ದಿಕ್ಸೂಚಿ ನೋಡಿ ದಿನವೂ ಬರೆದ: ದಕ್ಷಿಣಕ್ಕೆ 55 ಕಿ.ಮೀ., ದಕ್ಷಿಣಕ್ಕೆ 55 ಕಿ.ಮೀ. ಯಾವ ಆಕ್ಷೇಪಣೆಯೂ ಇರಲಿಲ್ಲ. ಒಂದು ಮಂಚದ ಮೇಲೆ ಪ್ರವಾಸಿಗರು ಸರದಿಯಲ್ಲಿ ಮಲಗಿದರು.

ಎಂಬತ್ತನಾಲ್ಕನೆಯ ದಿನ ಲೆಕ್ಕ ಪರಿಶೋಧನೆ ಬಂತು.

ನೋಟಿಸು ಹಿಡಿದುಕೊಂಡು ಐತ ನನ್ನ ಬಳಿ ಓಡಿಬಂದ. ಹಿಂದೆಯೇ ಕುಸುಮ ಬಂದಳು.

"ಸಾರ್, ಅಂಟಾರ್ಕ್ಟಿಕಾ ಅಂದ್ರ್ ಎಲ್ಲಿತ್ತ್? ಶಿರೂರ್ ಟೋಲ್ ದಾಟ್ಕಾ?"

ನಾನು ಓದಿದೆ. "ಸದರಿ ವಾಹನವು ಬ್ರಹ್ಮಾವರದಿಂದ ದಕ್ಷಿಣಕ್ಕೆ ಒಟ್ಟು 9,240 ಕಿ.ಮೀ. ಚಲಿಸಿದ್ದು, ಒಮ್ಮೆಯೂ ಉತ್ತರಕ್ಕೆ ಚಲಿಸಿರುವುದಿಲ್ಲ. ಆದಕಾರಣ ಅದು ಪ್ರಸ್ತುತ ಅಂಟಾರ್ಕ್ಟಿಕಾ ಖಂಡದಲ್ಲಿರುತ್ತದೆ. ಮಂಡಳಿಯ ವ್ಯಾಪ್ತಿ ಮೀರಿ, ಅನುಮತಿಯಿಲ್ಲದೆ ವಾಹನವನ್ನು ಅಲ್ಲಿಗೆ ಒಯ್ದದ್ದೇಕೆಂದು ಚಾಲಕರು ಮೂರು ದಿನದೊಳಗೆ ವಿವರಿಸತಕ್ಕದ್ದು."

ನಾನು ಎರಡು ಸಲ ಲೆಕ್ಕ ಮಾಡಿದೆ. ಸರಿಯಾಗಿತ್ತು.

"ಇನ್ ಆರ್ ದಿನ ಇದ್ದಿತ್ತ್," ಎಂದ ಐತ. ಅವನ ದನಿ ಇಳಿದಿತ್ತು. "ಅಯಸ್ಕಾಂತ ಇತ್ತ್ ಅಂದೇಳಿ ಹೇಳ್ರೆ?"

"ಹೇಳ್, ಹೇಳ್," ಎಂದಳು ಕುಸುಮ. "ಕಪಾಟ್ ಹಿಂದ್ ಹೋತ್, ಗಾಡಿ ಸಮುದ್ರಕ್ ಹೋತ್, ನೀ ಮನೆಗ್ ಬಾ. ಹೋಯ್ದೆ ಅಂದೇಳಿ ಬರಿ ಮಾರಾಯ! ಅವ್ರೇ ಹೇಳ್ತ್ ಇದ್ರಲೆ ನೀ ಅಲ್ಲಿದ್ದೆ ಅಂದೇಳಿ. ದೊಡ್ಡೋರ್ ಮಾತಿಗ್ ಎದ್ರ್ ಮಾತಾಡುಕಾಗ."

ನಾನು ಬರೆದುಕೊಟ್ಟೆ: "ಸುತ್ತೋಲೆ ಹನ್ನೊಂದರ ಪಾಲನೆಯಲ್ಲಿ ಸದರಿ ಖಂಡಕ್ಕೆ ಹೋಗಿರುವುದು ನಿಜ. ದಾರಿಯಲ್ಲಿ ಗಾಡಿ ಎಲ್ಲಿಯೂ ಅಲ್ಲಾಡಿರುವುದಿಲ್ಲ." ಐತ ಕಣ್ಣು ಮುಚ್ಚಿ ಸಹಿ ಮಾಡಿದ.

ಮಂಡಳಿಯ ಸಭೆ ಹತ್ತು ನಿಮಿಷ ನಡೆಯಿತು. ವಿವರಣೆ ತೃಪ್ತಿಕರವಾಗಿತ್ತು. ಚಾಲಕ ಹೋದದ್ದು ನಿಯಮದಂತೆ. ಕೊರತೆ ಇದ್ದದ್ದು ವ್ಯಾಪ್ತಿಯಲ್ಲಿ. ಆದ್ದರಿಂದ ವ್ಯಾಪ್ತಿಯನ್ನು ದಕ್ಷಿಣ ಧ್ರುವದವರೆಗೆ ವಿಸ್ತರಿಸಲಾಯಿತು. ರವಿಚಂದ್ರ ಅವರು ಮೂರು ತಾಲೂಕು ಮತ್ತು ಒಂದು ಖಂಡದ ನಿರ್ದೇಶಕರಾದರು. ಅವರ ಮೇಜಿಗೆ ಗಾಜು ಹಾಕಿಸಲಾಯಿತು. ಪರಿಶೋಧಕರು ಆಕ್ಷೇಪಣೆ ಹಿಂತೆಗೆದುಕೊಂಡು, ಸ್ಥಳ ಪರಿಶೀಲನೆಗೆ ತಮ್ಮ ಮತ್ತು ಕುಟುಂಬದ ಹೆಸರು ನೋಂದಾಯಿಸಿದರು.

ತೊಂಬತ್ತೊಂದನೆಯ ದಿನ ಐತನಿಗೆ ಆದೇಶ ಸಿಕ್ಕಿತು. ಖಾಯಂ ಚಾಲಕ, ಶೀತವಲಯ. ಜೊತೆಗೆ ಉಣ್ಣೆಯ ಸ್ವೆಟರ್ ಒಂದು, ಮಂಗನ ಟೋಪಿ ಒಂದು. ಕರ್ತವ್ಯದ ವೇಳೆಯಲ್ಲಿ ಧರಿಸತಕ್ಕದ್ದು.

ಮೇ ತಿಂಗಳ ಮಧ್ಯಾಹ್ನ ಕುಂದಾಪುರದ ಮೀನು ಮಾರುಕಟ್ಟೆಯ ಎದುರು ಗಾಡಿ ನಿಂತಿತು. ನಾನೂ ಜೀಪಿನಲ್ಲಿದ್ದೆ. ಸ್ವೆಟರಿನೊಳಗೆ ಐತ ಬೇಯುತ್ತಿದ್ದ. ಕುಸುಮ ಬುಟ್ಟಿ ಬಿಟ್ಟು ಎದ್ದು ಬಂದು ಅವನ ಟೋಪಿಯನ್ನು ಕಿವಿಯ ಮೇಲೆ ಸರಿಯಾಗಿ ಎಳೆದಳು.

"ತೆಗುಕಾಗ. ಆರ್ಡರ್ ಇತ್ತ್."

ಪಕ್ಕದ ಬುಟ್ಟಿಯ ಕಮಲ ಕೈ ಬೀಸಿ ಕರೆದಳು. "ಹ್ವಾಯ್ ಐತಣ್ಣ, ಅಲ್ ಭಾರೀ ಚಳಿ ಅಂಬ್ರಲೆ?"

"ಹೌದ್," ಎಂದ ಐತ ಬೆವರು ಒರೆಸಿಕೊಳ್ಳುತ್ತ. "ತಡ್ಕಂಬುಕೆ ಆತಿಲ್ಲ."

"ಮೀನ್ ಸಿಕ್ತಾ?"

"ಸಿಕ್ತ್. ಎಲ್ಲಾ ಐಸಿನಲ್ಲೇ ಇಪ್ಪುದ್."

ಕಮಲ ಸ್ವಲ್ಪ ಹೊತ್ತು ಲೆಕ್ಕ ಹಾಕಿದಳು. ಮರುದಿನ ಮೀನು ಮಾರುವವರ ಸಂಘದಿಂದ ಮಂಡಳಿಗೆ ಅರ್ಜಿ ಬಂತು: ಗಾಡಿ ದಿನವೂ ಅಲ್ಲಿಗೆ ಹೋಗುವುದರಿಂದ, ಬರುವಾಗ ನಾಲ್ಕು ಪೆಟ್ಟಿಗೆ ಐಸ್ ತರಿಸಿಕೊಡಬೇಕೆಂದು. ರವಿಚಂದ್ರ ಅವರು ಅದರ ಮೇಲೆ ಬರೆದರು: "ಮಂಜೂರು. ಐಸನ್ನು ನೈಋತ್ಯದಲ್ಲಿ ಇಡತಕ್ಕದ್ದು."