ಟವಲ್ಲಿನೊಳಗಿನ ಡಬಲ್ಸ್

ಟೆನಿಸ್ ಆಡುವುದು ಅಂಥ ಕಷ್ಟವೇನಲ್ಲ ಎಂಬುದು ನನ್ನ ಪ್ರಾಮಾಣಿಕ ಅಭಿಪ್ರಾಯವಾಗಿತ್ತು. ಸರ್ವ್ ಮಾಡುವ ಮುನ್ನ ಚೆಂಡನ್ನು ಗಂಭೀರವಾಗಿ ಪುಟಿಸಬೇಕು, ತೋಳಿನಿಂದ ಹಣೆ ಒರೆಸಿಕೊಳ್ಳಬೇಕು, ಹೊಡೆಯುವಾಗ ಹಲ್ಲುನೋವು ಬಂದವರ ಹಾಗೆ ಒಮ್ಮೆ ನರಳಬೇಕು. ಇದೆಲ್ಲವನ್ನೂ ನಾನು ಜಗತ್ತಿನ ಯಾವ ಆಟಗಾರನಿಗೂ ಕಡಿಮೆಯಿಲ್ಲದಂತೆ ಮಾಡುತ್ತಿದ್ದೆ. ಚೆಂಡೊಂದು ಇರಬಾರದು, ಅಷ್ಟೆ!

ಮಿಮಿಕ್ರಿ ನನ್ನ ಹುಟ್ಟುಗುಣ. ಅರಸೀಕೆರೆಯಲ್ಲಿ ಬಸ್ ಕಂಡಕ್ಟರ್‌ನಿಂದ ಹಿಡಿದು ಸ್ವಂತ ಸೋದರಮಾವನವರೆಗೆ ಎಲ್ಲರ ದನಿ ತೆಗೆದು, ಎಲ್ಲರಿಂದಲೂ ಬೈಸಿಕೊಂಡವನು. ಗೆಳೆಯ ಶಿವು ಹಾಗಲ್ಲ. ಅವನು ನಿಜವಾಗಿ ಟೆನಿಸ್ ಆಡುವವನು. ಹಾಸನದಲ್ಲಿ ವೃತ್ತಿಪರ ಆಟಗಾರರ ಪಂದ್ಯಾವಳಿ ನಡೆದಾಗ, ಜಿಲ್ಲೆಯ ಹುಡುಗ ಎಂದು ಪುರುಷರ ಡಬಲ್ಸ್‌ನಲ್ಲಿ ಅವನಿಗೆ ನೇರ ಪ್ರವೇಶ ಕೊಟ್ಟರು. ಒಂದು ಪಂದ್ಯ ಗೆದ್ದರೂ ವಿಶ್ವ ರ‍್ಯಾಂಕಿಂಗ್‌ನಲ್ಲಿ ಅವನ ಹೆಸರು ಬರುತ್ತಿತ್ತು. ಸೋತರೆ ಟೆನಿಸ್ ಬಿಟ್ಟು, ಗಂಡಸಿಯ ಸಂತೆಯಲ್ಲಿ ಅಪ್ಪ ರುದ್ರಪ್ಪನವರ ಜೊತೆ ದನದ ದಲ್ಲಾಳಿ ಕೆಲಸಕ್ಕೆ ಸೇರುವುದಾಗಿ ಮಾತು ಕೊಟ್ಟಿದ್ದ.

ಹಿಂದಿನ ದಿನ ಅವನ ಜೊತೆಗಾರ ಕಾಲು ಉಳುಕಿಸಿಕೊಂಡ. ಆ ಹೊತ್ತಿಗೆ ನಾನು ಅಂಗಳದ ಬೇಲಿಯ ಪಕ್ಕ ನಿಂತು, ಒಬ್ಬೊಬ್ಬ ಆಟಗಾರನ ಸರ್ವ್ ಅನುಕರಿಸುತ್ತ ನಾಲ್ಕು ಜನರನ್ನು ನಗಿಸುತ್ತಿದ್ದೆ. ಸಂಘಟಕರೊಬ್ಬರು ದೂರದಿಂದ ನೋಡಿ, "ಯಾರ್ರೀ ಅದು? ಸ್ಟೈಲ್ ಭಾಳ ಚೆನ್ನಾಗಿದೆ," ಎಂದರು.

"ನಮ್ಮ ಮಂಜ ಸರ್. ನಂಗೆ ಪ್ರಾಕ್ಟೀಸ್‌ಗೆ ಚೆಂಡು ಹಾಕ್ಕೊಡ್ತಾನೆ," ಎಂದ ಶಿವು. ಆಮೇಲೆ ನನ್ನನ್ನು ಮೇಲಿಂದ ಕೆಳಗೆ ನೋಡಿ, "ಆಡ್ತೀಯೇನೋ? ಬೇರೆ ಯಾರೂ ಇಲ್ಲ ಕಣೋ," ಎಂದ.

ನಾನು ಈ ಹೃತ್ಪೂರ್ವಕ ಆಹ್ವಾನವನ್ನು ವಿನಯದಿಂದ ಸ್ವೀಕರಿಸಿದೆ!

ಡಬಲ್ಸ್‌ನಲ್ಲಿ ಒಬ್ಬ ಹಿಂದಿನಿಂದ ಸರ್ವ್ ಮಾಡುವಾಗ ಇನ್ನೊಬ್ಬ ನೆಟ್ ಬಳಿ ಬಗ್ಗಿ ನಿಂತಿರುತ್ತಾನೆ. ತಾನು ಯಾವ ಕಡೆ ಹಾರುತ್ತೇನೆಂದು ಬೆನ್ನ ಹಿಂದೆ ಬೆರಳಿನಲ್ಲಿ ಜೊತೆಗಾರನಿಗೆ ತೋರಿಸುತ್ತಾನೆ. "ಮಾಮೂಲಿ ಸನ್ನೆ ಎಲ್ರಿಗೂ ಗೊತ್ತಿರುತ್ತೆ. ನಮ್ದು ಗಂಡಸಿ ಸಂತೆ ಸನ್ನೆ ಇರ್ಲಿ," ಎಂದೆ. ರುದ್ರಪ್ಪನವರ ಬಳಗದಲ್ಲಿ ಜೋಡೆತ್ತಿನ ವ್ಯಾಪಾರಕ್ಕೊಂದು ಬೆರಳ ಭಾಷೆ ಉಂಟು. ಕಿರುಬೆರಳೆಂದರೆ ಎಡಗಡೆಯ ಎತ್ತು, ಹೆಬ್ಬೆರಳೆಂದರೆ ಬಲಗಡೆಯದು. ಬೆನ್ನ ಹಿಂದಿನ ಸನ್ನೆ ಎದುರಿನವರಿಗೆ ಕಾಣುವುದೇ ಇಲ್ಲ ಎಂಬ ಸಣ್ಣ ಸಂಗತಿ ನನ್ನ ದೊಡ್ಡ ತಲೆಗೆ ಹೊಳೆಯಲಿಲ್ಲ.

ಎದುರಾಳಿಗಳಲ್ಲಿ ಒಬ್ಬ ಜರ್ಮನಿಯ ಎತ್ತರದ ಆಸಾಮಿ, ಇನ್ನೊಬ್ಬ ಬೆಂಗಳೂರಿನವನು. ಜರ್ಮನಿಯವನ ಮೊದಲ ಸರ್ವ್ ನನ್ನ ಕಿವಿಯ ಪಕ್ಕ ಗಾಳಿ ಬೀಸಿಕೊಂಡು ಹೋಯಿತು. ನಾನು ನಿಂತ ಭಂಗಿ ಮಾತ್ರ ಅದ್ಭುತವಾಗಿತ್ತು. ಬೇಲೂರಿನ ಶಿಲಾಬಾಲಿಕೆಯೂ ಅಷ್ಟು ನಿಶ್ಚಲವಾಗಿ ನಿಂತಿಲ್ಲ!

ಆಮೇಲೆ ಶಿವುವಿನ ಸರ್ವ್. ನಾನು ನೆಟ್ ಬಳಿ ಬಗ್ಗಿ, ಬೆನ್ನ ಹಿಂದೆ ಕಿರುಬೆರಳು ಚಾಚಿದೆ. ಶಿವುವಿನ ಹಿಂದಿನ ಗ್ಯಾಲರಿಯಲ್ಲಿ ರುದ್ರಪ್ಪನವರೂ ಅವರ ದಲ್ಲಾಳಿ ಮಿತ್ರರೂ ಸಾಲಾಗಿ ಕೂತಿದ್ದರು. ಜೀವಮಾನವಿಡೀ ಬೆರಳು ಓದಿದ ಜನ, ಸುಮ್ಮನಿರುತ್ತಾರೆಯೇ?

"ಕಿರುಬೆಳ್ಳು ಕಣ್ರಪ್ಪೋ! ಎಡಗಡೇದು ಹೊಂಟೈತೆ!"

ಬೆಂಗಳೂರಿನವರಿಗೆ ಕನ್ನಡ ಬರುವುದಿಲ್ಲ ಎಂದು ನಾವೆಲ್ಲ ಎಷ್ಟು ಹಗುರವಾಗಿ ಮಾತಾಡುತ್ತೇವೆ! ಇವನಿಗೆ ಸೊಗಸಾಗಿ ಬರುತ್ತಿತ್ತು. ನಾನು ಎಡಕ್ಕೆ ಹಾರಿದೆ, ಅವನು ಮುಗುಳ್ನಕ್ಕು ನನ್ನ ಬಲಕ್ಕೆ ಹೊಡೆದ. ಮುಂದಿನ ಸಲ "ಹೆಬ್ಬೆಟ್ಟು!" ಎಂಬ ಕೂಗು. ಅವನು ಎಡಕ್ಕೆ ಹೊಡೆದ. ಮೊದಲ ಸೆಟ್ ಹೀಗೇ ಹೋಯಿತು.

ವಿರಾಮದಲ್ಲಿ ಶಿವು ಗ್ಯಾಲರಿಯತ್ತ ಕೈಮುಗಿದ. "ಅಪ್ಪಾಜಿ, ಕೂಗ್ಬೇಡಿ!"

"ಬಯಲಲ್ಲಿ ತೋರ್ಸಿದ್ದು ಎಲ್ರುದೂ ಕಣ್ಲಾ," ಎಂದರು ರುದ್ರಪ್ಪನವರು. "ಗುಟ್ಟಾಗಿರ್ಬೇಕು ಅಂದ್ರೆ ಟವಲ್ ಹಾಕ್ಕಳಿ. ಟವಲ್ ಒಳಗಿಂದು ಇಬ್ರುದೇ, ನಾವು ಉಸ್ರೆತ್ತಲ್ಲ."

ಧರ್ಮದ ಮಾತು! ಸಂತೆಯಲ್ಲಿ ದಲ್ಲಾಳಿಗಳು ದರ ಕುದುರಿಸುವುದೂ ಟವಲ್ಲಿನ ಮರೆಯಲ್ಲೇ, ಒಬ್ಬರ ಬೆರಳು ಇನ್ನೊಬ್ಬರು ಒತ್ತಿ. ಆಡುವ ಮೊದಲು ಪ್ರತಿ ಸಲವೂ ನಾವಿಬ್ಬರೂ ಹತ್ತಿರ ಬಂದು, ಕೈಗಳ ಮೇಲೆ ಟವಲ್ ಹೊದಿಸಿಕೊಂಡು, ಒಳಗೊಳಗೇ ಬೆರಳು ಒತ್ತಿ ನಿರ್ಧಾರ ಮಾಡತೊಡಗಿದೆವು. ಗ್ಯಾಲರಿ ದೇವಸ್ಥಾನದಷ್ಟು ಮೌನವಾಯಿತು. ಆದರೆ ಎತ್ತರದ ಕುರ್ಚಿಯಲ್ಲಿದ್ದ ಅಂಪೈರ್ ಬಗ್ಗಿ ಕೇಳಿದರು.

"ಏನ್ರೀ ನಡೀತಿದೆ ಅಲ್ಲಿ?"

"ಸಮಾಲೋಚನೆ ಸರ್."

"ಕೈ ಕುಲುಕೋದು ಮ್ಯಾಚ್ ಮುಗಿದ ಮೇಲೆ!"

ಹೊತ್ತು ಮೀರಿದ್ದಕ್ಕೆ ಎಚ್ಚರಿಕೆ ಕೊಟ್ಟರು. ಮತ್ತೆ ಟವಲ್ ಹೊದಿಸಿದಾಗ ಶಿವುವಿನ ಮೊದಲ ಸರ್ವನ್ನೇ ಕಿತ್ತುಕೊಂಡರು. ಶಿವು ಟವಲ್ಲನ್ನು ಮೂಲೆಗೆ ಎಸೆದು, ಮೆಲ್ಲಗೆ ಹೇಳಿದ, "ಮಂಜ, ಬೇಜಾರ್ ಮಾಡ್ಕೋಬೇಡ. ನೀನು ಲೈನ್ ಪಕ್ಕ ಸುಮ್ನೆ ನಿಂತಿರು. ಚೆಂಡು ಬಂದ್ರೆ ಬಗ್ಗು."

ನಿಂತೆ. ಬಗ್ಗಿದೆ. ನನ್ನ ಸರದಿ ಬಂದಾಗ ಚೆಂಡನ್ನು ಹೇಗೋ ನೆಟ್ ದಾಟಿಸಿ ಮತ್ತೆ ಬದಿಗೆ ಸರಿದೆ. ಅಲ್ಲಿಂದ ಮುಂದೆ ಅವನು ಇಬ್ಬರ ಆಟ ಆಡಿದ.

ಶಿವು ಓಡುವುದನ್ನು ಅನುಕರಿಸಿ ನಾನು ಎಷ್ಟೋ ಮಂದಿಯನ್ನು ನಗಿಸಿದ್ದೇನೆ. ಒಂದು ಭುಜ ಮುಂದೆ ಮಾಡಿ, ನಾಲಿಗೆ ಕಚ್ಚಿಕೊಂಡು ಓಡುತ್ತಾನೆ. ಅದು ನನಗೆ ಕಂಠಪಾಠ. ಅಂದು ಮಾತ್ರ, ಮಾಡಲು ಬೇರೆ ಕೆಲಸವಿಲ್ಲದೆ, ಮೊದಲ ಸಲ ಅವನನ್ನು ಸರಿಯಾಗಿ ನೋಡಿದೆ. ಕೈಗೆ ಸಿಗದ ಚೆಂಡಿಗೂ ಓಡುತ್ತಿದ್ದ. ಸಿಗುವುದಿಲ್ಲವೆಂದು ಅವನಿಗೂ ಗೊತ್ತಿತ್ತು, ಆದರೂ ಓಡುತ್ತಿದ್ದ. ಇಷ್ಟು ವರ್ಷ ನಾನು ಅವನ ಓಟವನ್ನಷ್ಟೇ ಕದ್ದಿದ್ದೆ. ಯಾಕೆ ಓಡುತ್ತಾನೆ ಎಂಬುದು ನನ್ನ ಕೈಗೆ ಬಂದಿರಲಿಲ್ಲ. ಅದನ್ನು ಯಾವ ದನಿಯಲ್ಲಿ ಅನುಕರಿಸಲಿ?

ಎರಡನೇ ಸೆಟ್ ಟೈಬ್ರೇಕ್‌ವರೆಗೂ ಹೋಯಿತು. ಕೊನೆಯ ಚೆಂಡು ಯಾಕೋ ನನ್ನನ್ನೇ ಹುಡುಕಿಕೊಂಡು ಬಂತು. ಶಿವು "ಬಗ್ಗು!" ಎಂದ. ಅಂದೇ ನನ್ನಲ್ಲಿ ಪೌರುಷ ಉಕ್ಕಬೇಕೆ! ಬೀಸಿದೆ. ನರಳಿದೆ ಕೂಡ. ಚೆಂಡು ಬೇಲಿ ದಾಟಿ, ಆಚೆ ನಿಂತಿದ್ದ ಎಳನೀರು ಗಾಡಿಗೆ ಬಿತ್ತು.

ಸೋತೆವು.

ಶಿವು ಬೆಂಚಿನ ಮೇಲೆ ಕೂತು ಶೂ ಬಿಚ್ಚುತ್ತಿದ್ದ. ನನ್ನ ಬಾಯಲ್ಲಿ ಊರಿನವರೆಲ್ಲರ ದನಿಯೂ ಇತ್ತು, ಹೇಳಲು ಒಂದು ಮಾತಿರಲಿಲ್ಲ. ಆಗ ಜರ್ಮನಿಯವನು ಬಂದ. ಮುಂದಿನ ವಾರದ ಪಂದ್ಯಾವಳಿಗೆ ಬೆಂಗಳೂರಿನವನು ಬರುತ್ತಿಲ್ಲವಂತೆ, ಶಿವು ತನ್ನ ಜೊತೆ ಆಡುತ್ತಾನೆಯೇ ಎಂದು ಕೇಳಿದ. "ಡಬಲ್ಸನ್ನು ಒಬ್ಬನೇ ಆಡಿ ಟೈಬ್ರೇಕ್‌ವರೆಗೆ ತಂದವನನ್ನು ನಾನು ಇನ್ನೆಲ್ಲೂ ನೋಡಿಲ್ಲ," ಎಂದ.

ಶಿವು ಅಪ್ಪನ ಮುಖ ನೋಡಿದ. ನಾನು ಇಂಗ್ಲಿಷ್ ಮಾತನ್ನು ಕನ್ನಡಕ್ಕೆ ಮಾಡಿ ಹೇಳಿದೆ.

"ಮಾತು ಕೊಟ್ಟಿದ್ದೆ ಅಪ್ಪಾಜಿ," ಎಂದ ಶಿವು.

"ಮಾತು ಇರ್ಲಿ ಬಿಡ್ಲಾ. ಎತ್ತು ಚೆನ್ನಾಗೈತೆ, ಜೋಡಿ ಸರಿ ಇರ್ಲಿಲ್ಲ. ಹೋಗ್ಬಾ," ಎಂದರು ರುದ್ರಪ್ಪನವರು.

ಶಿವು ನನ್ನನ್ನು ತಬ್ಬಿಕೊಂಡ. ನಾನು ಒಬ್ಬನೇ ಬಸ್ ಹತ್ತಿ ಅರಸೀಕೆರೆಗೆ ಬಂದೆ. ಅಮ್ಮ ಬಾಗಿಲಲ್ಲೇ ಕೇಳಿದಳು, "ಏನಾಯ್ತೋ?"

"ಶಿವುಗೆ ಮುಂದಿನ ಟೂರ್ನಮೆಂಟ್‌ನಲ್ಲೂ ಚಾನ್ಸ್ ಸಿಕ್ತು ಕಣಮ್ಮ."

"ಹೌದಾ! ನಿನ್ನಿಂದ್ಲೇ?"

"ಹ್ಞೂಂ, ನನ್ನಿಂದ್ಲೇ," ಎಂದೆ.

ಇದರಲ್ಲಿ ಒಂದಕ್ಷರವೂ ಸುಳ್ಳಿಲ್ಲ!