ಆಟ ಇದ್ದ ದಿನ ಅನ್ನ

ಮನುಷ್ಯರು ತಮ್ಮ ತೂಕದ ಬಗ್ಗೆ ಹೇಳುವ ಮಾತನ್ನು ಯಾರೂ ಪೂರ್ತಿ ನಂಬಬಾರದು, ನನ್ನದನ್ನಂತೂ ನಂಬಲೇಬಾರದು. ಗಂಗಾವತಿಯ ಒಂದು ಕಾಲೇಜಿನಲ್ಲಿ ನಾನು ಇತಿಹಾಸ ಪಾಠ ಮಾಡುತ್ತೇನೆ. ಕಣ್ಣಾರೆ ಕಂಡವರ ಹೇಳಿಕೆಯನ್ನೂ ತಾಳೆ ನೋಡದೆ ಒಪ್ಪಬೇಡಿ ಎಂದು ವರ್ಷವಿಡೀ ಮಕ್ಕಳಿಗೆ ಹೇಳುತ್ತೇನೆ. ಮನೆಗೆ ಬಂದು ದಿನಚರಿ ಬರೆಯಲು ಕೂತಾಗ ಮಾತ್ರ ನಾನೇ ಸಾಕ್ಷಿ, ನಾನೇ ನ್ಯಾಯಾಧೀಶೆ. ಆದ್ದರಿಂದ ನನ್ನ ಡಯಟ್ಟಿನ ಈ ಕಥೆಯಲ್ಲಿ ನಾನು ಎಲ್ಲಿಯಾದರೂ ತೀರ ಒಳ್ಳೆಯವಳಾಗಿ ಕಂಡರೆ, ಅಲ್ಲಿ ಏನೋ ಬಿಟ್ಟುಹೋಗಿದೆ ಎಂದು ತಿಳಿದುಕೊಳ್ಳಿ.

ಎಲ್ಲ ಶುರುವಾದದ್ದು ಶಟಲ್ ಆಟದಿಂದ. ನಮ್ಮ ಕಾಲೇಜಿನಲ್ಲಿ ವಾಣಿಜ್ಯ ಕಲಿಸುವ ಶಾಹೀನ್ ನನಗಿಂತ ಚಿಕ್ಕವಳು, ಚುರುಕಿನವಳು. ಬೆಳಿಗ್ಗೆ ಆಡಲು ಜೊತೆ ಬೇಕು ಎಂದು ನನ್ನನ್ನು ಎಳೆದುಕೊಂಡು ಹೋದಳು. ಕೆಲವು ತಿಂಗಳು ಸಹಿಸಿಕೊಂಡ ಮೇಲೆ ಒಂದು ದಿನ ಬಹಳ ವಿನಯದಿಂದ, "ಮೇಡಂ, ಕಾಕ್ ನಿಮ್ಮ ಕಡಿ ಬಂದ್ರ ನೀವು ಕುಷ್ಟಗಿ ಬಸ್ ಬರೂದನ್ನ ನೋಡಿದಂಗ ನೋಡ್ತೀರಿ" ಎಂದಳು. ತೂಕ ಇಳಿಸುವ ತೀರ್ಮಾನ ಅಂದೇ ಆಯಿತು. ಅದು ನನ್ನದೇ ತೀರ್ಮಾನ ಎಂದು ನನ್ನ ನೆನಪು. ತಾನೇ ಹೇಳಿಕೊಟ್ಟದ್ದು ಎಂದು ಶಾಹೀನಳ ನೆನಪು. ಈ ವಿಷಯದಲ್ಲಿ ಮೂರನೆಯ ಆಧಾರ ದೊರೆತಿಲ್ಲ.

ಮೊಬೈಲಿನಲ್ಲಿ ಹುಡುಕಿದರೆ ಪಿಷ್ಟ ಬಿಡುವ ಲೋ ಕಾರ್ಬ್ ಎಂಬುದು ಒಂದೇ ಮತವಲ್ಲ, ಅದರಲ್ಲಿ ಹಲವು ಪಂಥಗಳಿವೆ ಎಂದು ತಿಳಿಯಿತು. ಒಂದರಲ್ಲಿ ಅನ್ನ, ರೊಟ್ಟಿ, ಬೆಲ್ಲ, ಬಾಳೆಹಣ್ಣು ಎಲ್ಲಕ್ಕೂ ಸಂಪೂರ್ಣ ಸನ್ಯಾಸ. ಇನ್ನೊಂದರಲ್ಲಿ ಎಲ್ಲವೂ ಉಂಟು, ಅರ್ಧರ್ಧ. ಮೂರನೆಯದರಲ್ಲಿ ಮೈ ಬಗ್ಗಿಸಿ ಆಡಿದ ದಿನ ಅನ್ನ ಉಣ್ಣಬಹುದು, ಸುಮ್ಮನೆ ಕೂತ ದಿನ ಬಿಡಬೇಕು. ಈ ಮೂರನೆಯದು ಮನಸ್ಸು ಗಟ್ಟಿ ಇಲ್ಲದವರಿಗೆ ಎಂದು ತಳ್ಳಿಹಾಕಿ, ಓದಿಕೊಂಡವಳಿಗೆ ತಕ್ಕಂತೆ ಸನ್ಯಾಸವನ್ನೇ ಆರಿಸಿಕೊಂಡೆ. ಆದರೆ ಮೊಬೈಲು ಅಕ್ಕಿಯನ್ನೂ ಜೋಳವನ್ನೂ ಒಂದೇ ಸಾಲಿನಲ್ಲಿ ನಿಲ್ಲಿಸಿತ್ತು. ನಾನು ಕುಷ್ಟಗಿಯವಳು. ನನ್ನ ತವರಿನಲ್ಲಿ ಅನ್ನ ಜ್ವರ ಬಂದವರಿಗೆ ಮತ್ತು ಬೀಗರಿಗೆ, ದುಡಿಯುವವರಿಗೆ ರೊಟ್ಟಿ. ರೊಟ್ಟಿ ಪಿಷ್ಟವಲ್ಲ, ಸಂಸ್ಕಾರ. ಹೀಗಾಗಿ ರೊಟ್ಟಿ ನಡೆಯುತ್ತದೆ, ಅನ್ನ ನಡೆಯುವುದಿಲ್ಲ ಎಂದು ಒಂದು ಸಣ್ಣ ತಿದ್ದುಪಡಿ ಮಾಡಿಕೊಂಡೆ. ಯಾವ ತಜ್ಞರೂ ಇದುವರೆಗೆ ಬರೆಯದ ತಾಲೂಕುವಾರು ಡಯಟ್ಟು ಅದು.

ತೊಂದರೆ ಏನೆಂದರೆ, ನಾನು ಇರುವುದು ಅನ್ನದ ತಾಲೂಕಿನಲ್ಲಿ. ನನ್ನ ಅತ್ತೆ ನವಲಿಯವರು. ಕಾಲುವೆ ನೀರಿನ ನಮ್ಮ ಗದ್ದೆಯ ಅಕ್ಕಿಯೇ ಮನೆಗೆ ಬರುತ್ತದೆ. ಹೊಸ ಅಕ್ಕಿಯನ್ನು ಅವರು ಅಂಗೈಯಲ್ಲಿ ಹಿಡಿದು ನೋಡುವಾಗ ಮೊಮ್ಮಗುವಿನ ಮುಖದಲ್ಲಿ ಯಾರ ಹೋಲಿಕೆ ಇದೆ ಎಂದು ಹುಡುಕುವವರ ಹಾಗೆ ಕಾಣುತ್ತಾರೆ. ನಾನು ಮದುವೆಯಾಗಿ ಬಂದ ಹೊಸದರಲ್ಲಿ ಅವರು ನನ್ನ ಸಲುವಾಗಿಯೇ ರೊಟ್ಟಿ ಬಡಿಯುವುದನ್ನು ಕಲಿತರು ಎಂದು ನಾನು ಎಲ್ಲರಿಗೂ ಹೇಳುತ್ತಾ ಬಂದಿದ್ದೇನೆ. ಅವರನ್ನು ಕೇಳಿದರೆ, ನೀನು ಬರುವ ಮೊದಲು ಈ ಮನೆಯಲ್ಲಿ ಹಂಚು ಇರಲಿಲ್ಲವೇನು ಎನ್ನುತ್ತಾರೆ.

ನಮ್ಮವರಿಗೆ ಪಂಪ್‌ಸೆಟ್ಟಿನ ಅಂಗಡಿ. ಮಧ್ಯಾಹ್ನದ ಊಟ ಡಬ್ಬಿಯಲ್ಲಿ ಹೋಗುತ್ತದೆ. ನಾನು ಕಾಲೇಜಿನಿಂದ ಬಂದ ಮೇಲೆ ನಾವಿಬ್ಬರೇ, ಅತ್ತೆ ಸೊಸೆ, ಊಟಕ್ಕೆ ಕೂಡುತ್ತೇವೆ. ರೊಟ್ಟಿ, ಪುಂಡಿಪಲ್ಯ ಮುಗಿಯುವವರೆಗೆ ಹೆಚ್ಚು ಮಾತಿಲ್ಲ, ಅದು ಹಸಿವಿನ ಹೊತ್ತು. ಅನ್ನ ಸಾರು ಬಂದಾಗ ಒಂದೆರಡು ಸುದ್ದಿ. ಕೊನೆಗೆ ಮಜ್ಜಿಗೆ ಅನ್ನ ಕಲಸಿದ ಮೇಲೆಯೇ ನಿಜವಾದ ಮಾತು. ಯಾರ ಮನೆಯಲ್ಲಿ ಹೆಣ್ಣು ನೋಡಲು ಬಂದಿದ್ದರು, ಯಾರು ಯಾರೊಂದಿಗೆ ಮಾತು ಬಿಟ್ಟಿದ್ದಾರೆ, ನನ್ನ ಪ್ರಿನ್ಸಿಪಾಲರು ಏನೆಂದರು, ಎಲ್ಲ. ಕೈ ಒಣಗಿದರೂ ಏಳುವುದಿಲ್ಲ. ನಮ್ಮಿಬ್ಬರ ನಡುವೆ ಇಷ್ಟು ವರ್ಷ ದೊಡ್ಡ ಜಗಳ ಆಗಲಿಲ್ಲವೆಂದರೆ ಅದಕ್ಕೆ ಕಾರಣ ನನ್ನ ವಿದ್ಯೆಯಲ್ಲ, ಆ ಮಜ್ಜಿಗೆ ಅನ್ನ. ಇದು ಆಗ ನನಗೆ ಹೊಳೆದಿರಲಿಲ್ಲ.

ಮೊದಲ ದಿನ ರೊಟ್ಟಿ ತಿಂದು ತಾಟಿಗೆ ಕೈ ಅಡ್ಡ ಹಿಡಿದೆ.

"ಯಾಕ, ಸಾರು ಛಲೋ ಆಗಿಲ್ಲೇನು?"

"ಹಂಗಲ್ರಿ ಅತ್ತಿ. ಅನ್ನ ಬಿಟ್ಟೀನ್ರಿ."

"ಯಾ ದೇವರಿಗೆ?"

"ದೇವರಿಗಲ್ರಿ, ಶಟಲ್ ಆಟಕ್ಕ."

ಅವರು ಸೌಟನ್ನು ಪಾತ್ರೆಯಲ್ಲಿ ನಿಧಾನವಾಗಿ ಇಟ್ಟರು. "ರೊಟ್ಟಿ ನಡೀತೈತಿ, ಅನ್ನ ನಡ್ಯಂಗಿಲ್ಲ ಅಂತ ಹೇಳಿದವರು ಯಾರು? ಡಾಕ್ಟರೋ, ನಿಮ್ಮವ್ವೋ?"

ನಿಜ ಹೇಳಬೇಕೆಂದರೆ, ಇಬ್ಬರಲ್ಲಿ ನಮ್ಮವ್ವನೇ ಹೆಚ್ಚು ಹತ್ತಿರದ ಉತ್ತರವಾಗಿತ್ತು.

ಮರುದಿನದಿಂದ ನನ್ನ ರೊಟ್ಟಿ ಮುಗಿಯುತ್ತಿದ್ದಂತೆ ಅತ್ತೆಯೇ, "ಊಟ ಆತಲ್ಲ, ಹೋಗು, ನಿನ್ನ ಪೇಪರ್ ತಿದ್ದು" ಎನ್ನತೊಡಗಿದರು. ನಾನೂ ಎದ್ದು ಹೋಗುತ್ತಿದ್ದೆ. ಎದುರು ಮನೆಯ ಹುಡುಗಿಯ ನಿಶ್ಚಿತಾರ್ಥವಾದದ್ದು ನನಗೆ ಶಾಹೀನಳಿಂದ ಗೊತ್ತಾಯಿತು. ಅವಳ ಮನೆ ಊರಿನ ಇನ್ನೊಂದು ತುದಿಗಿದೆ. ಆದರೂ ಸಾಧನೆಗೆ ಇಷ್ಟು ತ್ಯಾಗ ಇದ್ದದ್ದೇ ಎಂದುಕೊಂಡೆ. ಉತ್ಸಾಹ ಹೆಚ್ಚಾಗಿ ರಾತ್ರಿ ಬರೀ ಸೌತೆಕಾಯಿ, ಬೆಳಿಗ್ಗೆ ಆಟಕ್ಕೆ ಮೊದಲು ಮತ್ತೆ ಸೌತೆಕಾಯಿ ಎಂದು ನಿಯಮ ಬಿಗಿ ಮಾಡಿದೆ. ತೂಕದ ಯಂತ್ರ ಮಾತ್ರ ಅಲುಗಲಿಲ್ಲ. ಕಾಲೇಜಿನಲ್ಲಿ ಬಿಡುವಿನ ಹೊತ್ತು ಒಂದು ಹಿಡಿ ಹುರಿದ ಶೇಂಗಾ, ಆಮೇಲೆ ಇನ್ನೊಂದು ಹಿಡಿ, ಮನೆಗೆ ಬರುವ ದಾರಿಯಲ್ಲಿ ಎರಡು ಮಿರ್ಚಿ ಬಜ್ಜಿ ಇರುತ್ತಿದ್ದವು ನಿಜ. ಮಿರ್ಚಿಯ ಮೇಲಿನದು ಕಡಲೆಹಿಟ್ಟು, ಕಡಲೆ ಎಂದರೆ ಬೇಳೆ, ಬೇಳೆ ಎಂದರೆ ಪ್ರೋಟೀನು. ಒಳಗಿರುವುದು ತರಕಾರಿ. ತರ್ಕದಲ್ಲಿ ನನಗೆ ಎಲ್ಲಿಯೂ ದೋಷ ಕಾಣಲಿಲ್ಲ.

ಒಂದು ಭಾನುವಾರ ಕನಕಗಿರಿಯಿಂದ ಇಬ್ಬರು ಶಿಕ್ಷಕಿಯರು ನಮ್ಮೊಂದಿಗೆ ಆಡಲು ಬಂದರು. ಎರಡನೆಯ ಆಟದ ನಡುವೆ ನನಗೆ ಒಂದು ಕಾಕ್ ಎರಡಾಗಿ ಕಂಡಿತು. ಎರಡನ್ನೂ ಬಿಟ್ಟು ಅಂಗಳದಲ್ಲೇ ಕೂತುಬಿಟ್ಟೆ. ಶಾಹೀನ್ ಓಡಿ ಬಂದು ಏನು ತಿಂದಿರಿ ಎಂದು ಕೇಳಿದಳು. ಸೌತೆಕಾಯಿ ಎಂದೆ. ನಿನ್ನೆ ರಾತ್ರಿ? ಅದೂ ಸೌತೆಕಾಯಿ. ಅವಳು ಬಾಳೆಹಣ್ಣು ಸುಲಿದು ಕೈಗೆ ಕೊಟ್ಟು, "ನಿಮ್ಮ ಡಯಟ್ಟು ಕುಂತಲ್ಲೇ ಕುಂತಿರೋರಿಗೆ ಐತ್ರಿ ಮೇಡಂ. ಓಡೋರಿಗೆ ಹೊಟ್ಯಾಗ ಏನರ ಬೇಕಲ್ರಿ" ಎಂದಳು. ಕನಕಗಿರಿಯವರು ಮರ್ಯಾದಸ್ಥರು, ನಗುವಾಗ ಬೇರೆ ಕಡೆ ತಿರುಗಿಕೊಂಡರು.

ಆಟ ಅರ್ಧಕ್ಕೇ ನಿಂತಿದ್ದರಿಂದ ಹೇಳಿದ ಹೊತ್ತಿಗಿಂತ ಮೊದಲೇ, ಊಟದ ಹೊತ್ತಿಗೇ ಮನೆ ಸೇರಿದೆ. ಅತ್ತೆ ಅಡುಗೆಮನೆಯಲ್ಲಿ ನಿಂತುಕೊಂಡೇ ಅರ್ಧ ರೊಟ್ಟಿಗೆ ಶೇಂಗಾ ಚಟ್ನಿಪುಡಿ ಹಚ್ಚಿಕೊಂಡು ತಿನ್ನುತ್ತಿದ್ದರು. ಅನ್ನದ ಪಾತ್ರೆ ತೊಳೆದು ಬೋರಲು ಹಾಕಿತ್ತು.

"ಅನ್ನ ಎಲ್ಲೈತ್ರಿ ಅತ್ತಿ?"

"ಅವಗ ಡಬ್ಬಿಗೆ ಹಾಕಿ ಕಳಿಸೀನಿ. ನನಗ ಬ್ಯಾಡ."

"ಯಾಕ್ರಿ?"

"ಮಜ್ಜಿಗಿ ಅನ್ನ ಒಬ್ಬಾಕಿ ಕುಂತು ಉಣ್ಣೂ ಊಟ ಏನವಾ ಅದು?"

ಆಗ ಅವರನ್ನು ಸರಿಯಾಗಿ ನೋಡಿದೆ. ಕುಪ್ಪಸದ ತೋಳು ಸಡಿಲವಾಗಿತ್ತು, ಹೆಗಲ ಬಳಿ ಪಿನ್ನು ಹಾಕಿ ಬಿಗಿ ಮಾಡಿಕೊಂಡಿದ್ದರು. ನಮ್ಮ ಮನೆಯಲ್ಲಿ ಲೋ ಕಾರ್ಬ್ ಚೆನ್ನಾಗಿಯೇ ಕೆಲಸ ಮಾಡಿತ್ತು. ಇಳಿದದ್ದು ಅತ್ತೆಯ ತೂಕ. ಆ ದಿನದ ದಿನಚರಿಯಲ್ಲಿ, ನೋಡಿ ಸಂಕಟವಾಯಿತು ಎಂದು ಬರೆದಿದ್ದೇನೆ. ಸಂಕಟ ಆದದ್ದು ನಿಜ, ಆದರೆ ಎರಡನೆಯದಾಗಿ. ಮೊದಲು ಆದದ್ದು ಹೊಟ್ಟೆಕಿಚ್ಚು.

ಮನಸ್ಸು ಗಟ್ಟಿ ಇಲ್ಲದವರ ಮೂರನೆಯ ಪಂಥಕ್ಕೆ ನಾನು ಅಂದೇ ಮತಾಂತರಗೊಂಡೆ. ಆಡಿದ ದಿನ ಅನ್ನ, ರೊಟ್ಟಿ ಎರಡೂ. ಆಡದ ದಿನ ಎರಡೂ ಇಲ್ಲ, ಕಾಳು ಪಲ್ಯ ಅಷ್ಟೇ ಎಂದು ಅತ್ತೆಗೆ ವಿವರಿಸಿದೆ. "ರೊಟ್ಟಿನೂ ಇಲ್ಲ?" ಎಂದು ಅವರು ಎರಡು ಸಲ ಕೇಳಿ ಖಾತ್ರಿ ಮಾಡಿಕೊಂಡರು. ಇಲ್ಲ ಎಂದಾಗ ಅವರ ಮುಖ ತಿಳಿಯಾಯಿತು. ಅವರಿಗೆ ನೋವಾದದ್ದು ಅನ್ನ ಬಿಟ್ಟದ್ದಕ್ಕೆ ಎಷ್ಟೋ, ಕುಷ್ಟಗಿಯನ್ನು ಬಿಡದೆ ಇದ್ದದ್ದಕ್ಕೂ ಅಷ್ಟೇ ಎಂದು ಕಾಣುತ್ತದೆ. ಅಲ್ಲಿಂದ ಯೋಜನೆಯ ಉಸ್ತುವಾರಿಯನ್ನು ಅವರೇ ವಹಿಸಿಕೊಂಡರು. ಬೆಳಕು ಹರಿಯುವ ಮೊದಲೇ ಬಾಗಿಲು ಬಡಿದು, ಏಳು, ಇವತ್ತು ಅನ್ನ ಇದೆ ಎಂದು ಎಬ್ಬಿಸುತ್ತಾರೆ. ನನಗೆ ಮೈ ನೋವು ಎಂದರೆ ಅವರ ಅಕ್ಕಿ ತೊಳೆಯುವ ಕೈ ನಿಲ್ಲುತ್ತದೆ.

ಹೋದ ವಾರ ರಾತ್ರಿಯೆಲ್ಲ ಮಳೆ ಬಂದು ಆಟದ ಅಂಗಳದಲ್ಲಿ ನೀರು ನಿಂತಿತ್ತು. ಆಟವಿಲ್ಲ ಎಂದು ಶಾಹೀನ್ ಫೋನು ಮಾಡಿದಳು. ನಾನು ಬೂಟು ಹಾಕಿಕೊಂಡು ಹೊರಟೆ, ಅವಳ ಮನೆಯಲ್ಲಿ ಚಹಾ ಕುಡಿಯುತ್ತಾ ಸಾಕಷ್ಟು ಹೊತ್ತು ಕೂತೆ, ವಾಪಸು ಬಂದು ಗೇಟಿನ ಪಕ್ಕದ ನಳದಲ್ಲಿ ಮುಖಕ್ಕೆ ನೀರು ಚಿಮುಕಿಸಿಕೊಂಡು, ಸ್ವಲ್ಪ ಏದುಸಿರು ಬಿಡುತ್ತಾ ಒಳಗೆ ಹೋದೆ. ಅತ್ತೆ ಅಕ್ಕಿ ತೊಳೆಯತೊಡಗಿದರು. ಮಧ್ಯಾಹ್ನ ಊಟಕ್ಕೆ ಕೂತಾಗ ತಲೆ ಎತ್ತಿ ನೋಡುತ್ತೇನೆ, ಎದುರು ಗೋಡೆಯ ಮೊಳೆಯಲ್ಲಿ ನನ್ನ ರಾಕೆಟ್ಟು ನಿನ್ನೆ ತೂಗಿಹಾಕಿದಂತೆಯೇ ತೂಗುತ್ತಿದೆ. ಅತ್ತೆಯೂ ಅದನ್ನೇ ನೋಡಿದರು. ಆಮೇಲೆ ನನ್ನನ್ನು ನೋಡಿದರು.

"ಭಾಳ ಆಡಿ ಬಂದಂಗ ಕಾಣತೈತಿ. ಸಾವಕಾಶ ಉಣ್ಣು" ಎಂದು ಅನ್ನವನ್ನು ಒಂದು ಸೌಟು ಹೆಚ್ಚಿಗೆಯೇ ಹಾಕಿ, ಮಜ್ಜಿಗೆಯ ತಂಬಿಗೆಯನ್ನು ಇಬ್ಬರ ನಡುವೆ ಇಟ್ಟು, ತಮ್ಮ ತಾಟನ್ನೂ ಹತ್ತಿರ ಎಳೆದುಕೊಂಡರು.

ಆ ದಿನದ ದಿನಚರಿಯಲ್ಲಿ ಒಂದೇ ಸಾಲು ಇದೆ: ಆಟ ಚೆನ್ನಾಗಿತ್ತು.